ಕೂಡುವ ಲೆಕ್ಕದಲ್ಲಿ ತಪ್ಪು ಹಿಡಿದ ವಕೀಲರು

ಹೊಸದಾಗಿ ಸನ್ನದು ಪಡೆದು ಬರುವ ಜೂನಿಯರ್‌ಗಳಿಗೆ ಪಾಟೀ ಸವಾಲಿನ ಮೇಲೇ ಕಣ್ಣು. ಸಾಕ್ಷಿಯನ್ನು ಕಟಕಟೆಯಲ್ಲಿ ಬೆವರಿಳಿಸಿದರೆ ಕೇಸು ಗೆದ್ದಂತೆ ಅಂದುಕೊಂಡಿರುತ್ತಾರೆ. ಅಂಥವರಿಗೆ ನಾನು ಬಿ.ವಿ. ಆಚಾರ್ಯ ಅವರ ಬಗ್ಗೆ ಹೇಳುತ್ತೇನೆ.

ಉಡುಪಿ ಕಡೆಯ ಆಚಾರ್ಯರು ಐದು ಸಲ ಕರ್ನಾಟಕದ ಅಡ್ವೊಕೇಟ್ ಜನರಲ್ ಆಗಿದ್ದವರು. ಆದರೂ ಜನ ನೆನೆಯುವುದು ಜಯಲಲಿತಾ ಅವರ ಅಕ್ರಮ ಆಸ್ತಿ ಕೇಸಿನಿಂದ. 2003ರಲ್ಲಿ ಸುಪ್ರೀಂ ಕೋರ್ಟು ಅದನ್ನು ಚೆನ್ನೈನಿಂದ ಬೆಂಗಳೂರಿಗೆ ವರ್ಗಾಯಿಸಿತು. ಮುಂದೆ ಆಚಾರ್ಯರು ಅದರ ವಿಶೇಷ ಸರ್ಕಾರಿ ಅಭಿಯೋಜಕರಾದರು. 2012ರಲ್ಲಿ ಎರಡು ಹುದ್ದೆಯಲ್ಲಿ ಒಂದನ್ನು ಬಿಡಬೇಕಾಗಿ ಬಂದಾಗ ಅವರು ಬಿಟ್ಟಿದ್ದು ಅಡ್ವೊಕೇಟ್ ಜನರಲ್ ಹುದ್ದೆಯನ್ನು. ಸಣ್ಣ ಮಾತಲ್ಲ ಅದು. ಆದರೆ ಅದೇ ವರ್ಷ ಈ ಕೇಸಿನಿಂದಲೂ ಹೊರಬಂದರು.

2014ರ ಸೆಪ್ಟೆಂಬರಿನಲ್ಲಿ ವಿಶೇಷ ಕೋರ್ಟು ಜಯಲಲಿತಾ ಅವರಿಗೆ 4 ವರ್ಷ ಜೈಲು, 100 ಕೋಟಿ ದಂಡ ವಿಧಿಸಿತು. ಅವರ ಆಪ್ತೆ ಶಶಿಕಲಾ ಸೇರಿ ಇನ್ನೂ ಮೂವರು ಆರೋಪಿಗಳಿಗೂ ಶಿಕ್ಷೆಯಾಯಿತು. ಹೈಕೋರ್ಟಿನಲ್ಲಿ ಅಪೀಲು ವಾದ ಮುಗಿದ ಮೇಲೆ, 2015ರ ಏಪ್ರಿಲ್ ಕೊನೆಯಲ್ಲಿ, ಸರ್ಕಾರ ಮತ್ತೆ ಆಚಾರ್ಯರನ್ನೇ ಕರೆಯಿತು. ಬಾಯಿಮಾತಿನ ವಾದಕ್ಕೆ ಅವಕಾಶವಿರಲಿಲ್ಲ. ಲಿಖಿತ ವಾದಕ್ಕೆ ಒಂದು ದಿನದ ಗಡುವು. 18 ಪುಟ ಬರೆದು ಸಲ್ಲಿಸಿದರು. ಮೇ 11ಕ್ಕೆ ನಾಲ್ವರೂ ಖುಲಾಸೆ!

ಇಂಥ ಕೇಸಿನಲ್ಲಿ ಎಲ್ಲ ನಿಂತಿರುವುದು ಲೆಕ್ಕದ ಮೇಲೆ. ಆಸ್ತಿ ಎಷ್ಟು, ಆದಾಯ ಎಷ್ಟು, ವ್ಯತ್ಯಾಸ ಎಷ್ಟು. ಆದಾಯದ ಕಡೆ ಮೊತ್ತ ಏರಿದರೆ ಅಪರಾಧವೇ ಕರಗುತ್ತದೆ. ಹೈಕೋರ್ಟಿನ ಲೆಕ್ಕದಲ್ಲಿ ಹೆಚ್ಚುವರಿ ಆಸ್ತಿ 2.82 ಕೋಟಿ, ಅಂದರೆ ಆದಾಯದ ಶೇ 8.12. ಶೇ 10ರ ಒಳಗಿದ್ದರೆ ವಿನಾಯಿತಿ ಕೊಟ್ಟ ಹಳೆಯ ತೀರ್ಪು ಇತ್ತು. ಹಾಗಾಗಿ ಬಿಡುಗಡೆ.

ಆಚಾರ್ಯರು ತೀರ್ಪಿನಲ್ಲಿ ಆದಾಯದ ಕಡೆಗೆ ಸೇರಿಸಿದ್ದ ಬ್ಯಾಂಕ್ ಸಾಲಗಳ ಪಟ್ಟಿ ಹಿಡಿದರು. ಕೆಳಗೆ ಬರೆದಿದ್ದ ಮೊತ್ತ 24.17 ಕೋಟಿ. ಒಂದೊಂದಾಗಿ ಕೂಡಿದರೆ ಬರುವುದು 10.67 ಕೋಟಿ ಮಾತ್ರ. ಹದಿಮೂರೂವರೆ ಕೋಟಿ ಸುಮ್ನೆ ಸೇರಿಕೊಂಡಿತ್ತು! ಅದನ್ನು ತೆಗೆದರೆ ಹೆಚ್ಚುವರಿ ಆಸ್ತಿ 16.32 ಕೋಟಿ, ಶೇ 76ಕ್ಕೂ ಜಾಸ್ತಿ. ಹೈಕೋರ್ಟಿನ ಉಳಿದ ಲೆಕ್ಕವನ್ನೆಲ್ಲ ಒಪ್ಪಿಕೊಂಡರೂ ಖುಲಾಸೆ ನಿಲ್ಲುವಂತಿರಲಿಲ್ಲ. ಇದಕ್ಕೆ ಕಾನೂನು ಪುಸ್ತಕ ಬೇಕಿರಲಿಲ್ಲ, ಅಲ್ವಾ? ಅಚ್ಚಾದ ಮೊತ್ತವನ್ನು ನಂಬದೆ ತಾನೇ ಕೂಡಿ ನೋಡುವ ತಾಳ್ಮೆ ಬೇಕಿತ್ತು. ನನ್ನ ಪ್ರಕಾರ ವಿಚಾರಣಾ ವಕೀಲರಿಗೆ ಇದಕ್ಕಿಂತ ದೊಡ್ಡ ವಿದ್ಯೆ ಇಲ್ಲ.

ಕರ್ನಾಟಕ ಸುಪ್ರೀಂ ಕೋರ್ಟಿಗೆ ಹೋಯಿತು. ಜಯಲಲಿತಾ 2016ರ ಡಿಸೆಂಬರಿನಲ್ಲಿ ತೀರಿಕೊಂಡರು. 2017ರ ಫೆಬ್ರುವರಿ 14ರಂದು ಸುಪ್ರೀಂ ಕೋರ್ಟು ಖುಲಾಸೆ ರದ್ದು ಮಾಡಿ, ಉಳಿದ ಮೂವರಿಗೆ ವಿಶೇಷ ಕೋರ್ಟು ಕೊಟ್ಟಿದ್ದ ಶಿಕ್ಷೆಯನ್ನು ಎತ್ತಿಹಿಡಿಯಿತು. ಮಾರನೆಯ ದಿನವೇ ಶಶಿಕಲಾ ಪರಪ್ಪನ ಅಗ್ರಹಾರಕ್ಕೆ ಬಂದು ಶರಣಾದರು.