ಹಾಲಿಗ್: ಸಮುದ್ರವನ್ನು ಒಳಗೆ ಬಿಟ್ಟುಕೊಳ್ಳುವ ನೆಲ

ಜರ್ಮನಿಯ ಭೂಪಟದಲ್ಲಿ ತೀರಾ ಮೇಲಕ್ಕೆ ಹೋಗಿ, ಡೆನ್ಮಾರ್ಕ್ ಗಡಿಯ ಹತ್ತಿರ ಪಶ್ಚಿಮ ಕರಾವಳಿಯನ್ನು ನೋಡಿ. ನೆಲದ ಅಂಚು ಅಲ್ಲಿ ಹರಿದ ಬಟ್ಟೆಯ ಹಾಗೆ ಚಿಂದಿಯಾಗಿದೆ. ಅದು ನಾರ್ಡ್‌ಫ್ರೀಸ್‌ಲಾಂಡ್, ಉತ್ತರ ಫ್ರೀಷಿಯನ್ನರ ನಾಡು. ಸಿಲ್ಟ್, ಫ್ಯೋರ್, ಆಮ್ರುಮ್ ಎಂಬ ದೊಡ್ಡ ದ್ವೀಪಗಳು ಬೇಗ ಕಣ್ಣಿಗೆ ಬೀಳುತ್ತವೆ. ಇನ್ನೂ ಹತ್ತಿರದಿಂದ ನೋಡಿದರೆ ಕರಾವಳಿಯ ಪಕ್ಕದಲ್ಲೇ ಹತ್ತು ಸಣ್ಣ ಹಸಿರು ತುಂಡುಗಳು ಕಾಣಿಸುತ್ತವೆ. ಇವನ್ನು ಅಲ್ಲಿಯ ಜನ ದ್ವೀಪ ಅನ್ನುವುದಿಲ್ಲ. ಹಾಲಿಗ್ ಅನ್ನುತ್ತಾರೆ. ಒಂದಕ್ಕಿಂತ ಹೆಚ್ಚಿದ್ದರೆ ಹಾಲಿಗನ್.

ಸುತ್ತ ನೀರು, ನಡುವೆ ನೆಲ, ದ್ವೀಪ ಅಂದರೆ ಇದೇ ಅಲ್ವಾ ಅಂತ ಕೇಳಬಹುದು. ಅಲ್ಲ. ಸಿಲ್ಟ್, ಫ್ಯೋರ್, ಆಮ್ರುಮ್‌ಗಳ ಒಡಲಲ್ಲಿ ಹಿಮಯುಗದ ಕಾಲದ ಗಟ್ಟಿ ಮರಳುದಿನ್ನೆ ಇದೆ, ಸಮುದ್ರ ಎಷ್ಟೇ ಉಕ್ಕಿದರೂ ಅದರ ತಲೆ ನೀರಿನ ಮೇಲೇ ಇರುತ್ತದೆ. ಪಕ್ಕದ ಪೆಲ್‌ವೋರ್ಮ್ ತಗ್ಗು ನೆಲವೇ, ಆದರೆ ಅದರ ಸುತ್ತ ಎತ್ತರದ ಮಣ್ಣಿನ ಒಡ್ಡು ಕಟ್ಟಿದ್ದಾರೆ, ಆದ್ದರಿಂದ ಅದೂ ದ್ವೀಪ. ಹಾಲಿಗ್‌ಗೆ ಈ ಎರಡೂ ಇಲ್ಲ. ಅದು ಪೂರ್ತಿ ಸಮುದ್ರವೇ ತಂದು ಹಾಕಿದ ಮೆಕ್ಕಲು. ಮಾಮೂಲಿ ಉಬ್ಬರದ ಮಟ್ಟಕ್ಕಿಂತ ಒಂದು ಮೀಟರ್ ಆಸುಪಾಸು ಮಾತ್ರ ಎತ್ತರ. ಬಿರುಗಾಳಿಯ ನೀರನ್ನು ಹೊರಗಿಡುವ ಎತ್ತರದ ಒಡ್ಡು ಅದಕ್ಕಿಲ್ಲ. ಚಳಿಗಾಲದಲ್ಲಿ ಪಶ್ಚಿಮದ ಗಾಳಿ ಜೋರಾಗಿ ಬೀಸಿದಾಗ ಸಮುದ್ರ ಹುಲ್ಲುಗಾವಲಿನ ಮೇಲೆ ಹತ್ತಿ ಬರುತ್ತದೆ, ಒಂದಷ್ಟು ಗಂಟೆ ಇದ್ದು, ಇಳಿತದ ಜೊತೆ ವಾಪಸ್ ಹೋಗುತ್ತದೆ. ಹೀಗೆ ಸಮುದ್ರವನ್ನು ಆಗಾಗ ಒಳಗೆ ಬಿಟ್ಟುಕೊಳ್ಳುವ ನೆಲವೇ ಹಾಲಿಗ್.

ಕನ್ನಡದಲ್ಲಿ ಇದಕ್ಕೆ ಏನನ್ನೋಣ ಅಂತ ನಾನು ಸುಮಾರು ಯೋಚಿಸಿದ್ದೇನೆ. ನಡುಗಡ್ಡೆ ಅಂದರೆ ಮತ್ತೆ ದ್ವೀಪವೇ ಆಯಿತು. ಕುದ್ರು ಅನ್ನೋಣ ಅಂದರೆ ಅದು ನಮ್ಮ ಕರಾವಳಿಯ ನದಿಗಳ ನಡುವಿನ ನೆಲ. ಉತ್ತರ ಕನ್ನಡದ ಗಜನಿ ಸ್ವಲ್ಪ ಹತ್ತಿರ ಬರುತ್ತದೆ, ಉಪ್ಪುನೀರು ಬಂದು ಹೋಗುವ ನೆಲ ಅನ್ನುವ ಅರ್ಥದಲ್ಲಿ. ಆದರೆ ಗಜನಿಯ ನಡುವೆ ಯಾರೂ ಮನೆ ಕಟ್ಟಿಕೊಂಡು ತಲೆಮಾರುಗಟ್ಟಲೆ ಬಾಳುವುದಿಲ್ಲ. ಹಾಲಿಗ್ ಅಂತಲೇ ಇಟ್ಟುಕೊಳ್ಳುವುದು ವಾಸಿ.

ಜನ ಅಲ್ಲಿ ಬಾಳುವುದು ಹೇಗೆ ಅನ್ನುವುದಕ್ಕೆ ಇನ್ನೊಂದು ಪದ ಬೇಕು: ವಾರ್ಫ್ಟ್. ಇದು ಕೈಯಿಂದ ಕಟ್ಟಿದ ಮಣ್ಣಿನ ದಿಬ್ಬ. ಮಣ್ಣು, ಸಗಣಿ, ಹುಲ್ಲುಹೆಂಟೆ ಎಲ್ಲವನ್ನೂ ಪದರ ಪದರವಾಗಿ ಹಾಕಿ ಎತ್ತರಿಸಿ, ಅದರ ಮೇಲೆ ಮನೆ, ಕೊಟ್ಟಿಗೆ, ಸಣ್ಣ ತೋಟ ಮಾಡಿಕೊಳ್ಳುತ್ತಾರೆ. ಇಡೀ ಬಯಲು ಸಮುದ್ರದ ಪಾಲಾದಾಗ ದಿಬ್ಬಗಳಷ್ಟೇ ಮೇಲೆ ಉಳಿಯುತ್ತವೆ. ಹೋಗೆ ಎಂಬ ಹಾಲಿಗ್‌ನಲ್ಲಿ ಇಂಥ ಹತ್ತು ವಾರ್ಫ್ಟ್‌ಗಳಿವೆ. ಕೆಲವು ಕಡೆ ಒಂದು ದಿಬ್ಬಕ್ಕೆ ಒಂದೇ ಮನೆ, ಇನ್ನು ಕೆಲವು ಕಡೆ ಒಂದು ಪುಟ್ಟ ಊರೇ ದಿಬ್ಬದ ಮೇಲಿದೆ. ಈ ವಿದ್ಯೆ ತುಂಬ ಹಳೆಯದು. ಕ್ರಿಸ್ತಶಕ 1ನೇ ಶತಮಾನದಲ್ಲಿ ರೋಮ್‌ನ ಪ್ಲಿನಿ, ಇದೇ ಕರಾವಳಿಯಲ್ಲಿ ಇನ್ನಷ್ಟು ದಕ್ಷಿಣಕ್ಕಿದ್ದ ಜನರ ಬಗ್ಗೆ ಬರೆದಿದ್ದಾನೆ. ಅವರು ದಿಬ್ಬದ ಮೇಲೆ ಗುಡಿಸಲು ಹಾಕಿಕೊಂಡಿದ್ದಾರೆ, ನೀರು ಬಂದಾಗ ಹಡಗಿನಲ್ಲಿರುವವರ ಹಾಗೆ ಕಾಣುತ್ತಾರೆ, ನೀರು ಹೋದಾಗ ಹಡಗು ಒಡೆದವರ ಹಾಗೆ ಕಾಣುತ್ತಾರೆ ಅಂತ. ಅವನಿಗೆ ಆ ಜನರ ಮೇಲೆ ಕನಿಕರ. ನನಗಂತೂ ಅದನ್ನು ಓದಿದಾಗಲೆಲ್ಲ ಆ ಜನರ ಗಟ್ಟಿತನವೇ ಕಣ್ಣಿಗೆ ಕಟ್ಟುತ್ತದೆ.

ಮೂರನೆಯ ಪದ ಲಾಂಡ್ ಉಂಟರ್. ಪದಕ್ಕೆ ಪದ ಇಟ್ಟರೆ 'ನೆಲ ಕೆಳಗೆ'. ಸಮುದ್ರ ಹಾಲಿಗ್ ಮೇಲೆ ಹತ್ತಿ, ವಾರ್ಫ್ಟ್ ಮಾತ್ರ ಉಳಿದಾಗ ಇದನ್ನು ಹೇಳುತ್ತಾರೆ. ಹವಾಮಾನದ ಸುದ್ದಿ ಬಂದ ಕೂಡಲೇ ಬಯಲಿನಲ್ಲಿರುವ ದನ, ಕುರಿಗಳನ್ನು ದಿಬ್ಬಕ್ಕೆ ಹೊಡೆದುಕೊಂಡು ಬರಬೇಕು. ಹಾರಿಹೋಗುವ, ತೇಲಿಹೋಗುವ ಸಾಮಾನುಗಳನ್ನು ಕಟ್ಟಿಡಬೇಕು. ಆಮೇಲೆ ಪಕ್ಕದ ದಿಬ್ಬಕ್ಕೆ ಹೋಗಲೂ ದಾರಿ ಇರುವುದಿಲ್ಲ. ಶಾಲೆಗೆ ರಜೆ. ಹೋಗೆಯ ಸುತ್ತ 1910ರ ದಶಕದಲ್ಲಿ ಕಟ್ಟಿದ ಒಂದು ಗಿಡ್ಡ ಒಡ್ಡು ಇದೆ, ಬೇಸಿಗೆಯ ಸಣ್ಣ ಉಬ್ಬರಗಳನ್ನು ಅದು ತಡೆಯುತ್ತದೆ, ಹಾಗಾಗಿ ಅಲ್ಲಿ ವರ್ಷಕ್ಕೆ ಕೆಲವೇ ಸಲ ಲಾಂಡ್ ಉಂಟರ್. ಬೇರೆ ಹಾಲಿಗ್‌ಗಳಲ್ಲಿ ಅದಕ್ಕಿಂತ ಜಾಸ್ತಿ. ಈ ಪದ ಜರ್ಮನ್ ಭಾಷೆಯಲ್ಲಿ ಎಲ್ಲ ಕಡೆ ಹಬ್ಬಿದೆ. ಬರ್ಲಿನ್‌ನಲ್ಲಿ ಕೆಲಸ ತಲೆಯ ಮೇಲೆ ಬಿದ್ದವರೂ 'ನಮ್ಮಲ್ಲಿ ಲಾಂಡ್ ಉಂಟರ್' ಅನ್ನುತ್ತಾರೆ.

ಈ ಹತ್ತು ತುಂಡುಗಳು ಎಲ್ಲಿಂದ ಬಂದವು ಅಂತ ಹುಡುಕಿದರೆ ದೊಡ್ಡ ನೋವಿನ ಕಥೆ ಸಿಗುತ್ತದೆ. ಮಧ್ಯಯುಗದಲ್ಲಿ ಇಲ್ಲಿ ಸಮುದ್ರದ ಬದಲು ಬಹುಪಾಲು ನೆಲವೇ ಇತ್ತು. ಫ್ರೀಷಿಯನ್ನರು 8ನೇ ಶತಮಾನದ ಹೊತ್ತಿಗೆ ದಕ್ಷಿಣದಿಂದ ಬಂದು ಮೊದಲು ದ್ವೀಪಗಳಲ್ಲಿ, ಮುಂದೆ 11ನೇ ಶತಮಾನದಲ್ಲಿ ತಗ್ಗಿನ ಜೌಗು ನೆಲದಲ್ಲಿ ನೆಲೆಸಿದರು. ಕಾಲುವೆ ತೋಡಿ ನೀರು ಬಸಿದರು, ಒಡ್ಡು ಕಟ್ಟಿದರು, ಬೆಳೆ ತೆಗೆದರು. ಜೊತೆಗೆ ಉಪ್ಪಿನ ವ್ಯಾಪಾರ. ಇಲ್ಲಿ ನೆಲದಡಿ ಉಪ್ಪುನೀರು ಕುಡಿದ ಹಳೆಯ ಕೊಳೆತ ಸಸ್ಯದ ಪದರ ಇತ್ತು. ಅದನ್ನು ಅಗೆದು, ಒಣಗಿಸಿ, ಸುಟ್ಟು, ಬೂದಿಯಿಂದ ಉಪ್ಪು ತೆಗೆಯುತ್ತಿದ್ದರು. ಒಳ್ಳೆಯ ದುಡ್ಡು ಬರುತ್ತಿತ್ತು. ಆದರೆ ನೀರು ಬಸಿದ ನೆಲ ಕುಸಿಯುತ್ತದೆ, ಅಗೆದ ನೆಲವಂತೂ ಇನ್ನೂ ಕೆಳಗೆ ಹೋಗುತ್ತದೆ. ತಾವೇ ಒಡ್ಡಿನ ಹಿಂದೆ ನೆಲವನ್ನು ಸಮುದ್ರಕ್ಕಿಂತ ತಗ್ಗಿಸಿಕೊಂಡರು.

1362ರ ಜನವರಿ 16ರಂದು ಬಿರುಗಾಳಿ ಬಂತು. ಇದನ್ನು ಅಲ್ಲಿಯವರು ಗ್ರೋಟೆ ಮಾಂಡ್ರೆಂಕೆ ಅನ್ನುತ್ತಾರೆ, ಜನರನ್ನು ಮುಳುಗಿಸಿದ ಮಹಾಪ್ರವಾಹ ಅಂತ ಅರ್ಥ. ರುಂಗ್‌ಹೋಲ್ಟ್ ಎಂಬ ವ್ಯಾಪಾರದ ಊರು ಅದರಲ್ಲಿ ಹೋಯಿತು. ಬಹಳ ಕಾಲ ಅದು ಕಟ್ಟುಕಥೆಯೇನೋ ಅಂತ ಅನುಮಾನ ಇತ್ತು, ಶ್ರೀಮಂತರ ಸೊಕ್ಕಿಗೆ ದೇವರು ಕೊಟ್ಟ ಶಿಕ್ಷೆ ಅಂತ ಕಥೆ ಹೇಳುತ್ತಿದ್ದರು, ಶಾಂತವಾದ ದಿನ ನೀರಿನಡಿಯಿಂದ ಚರ್ಚಿನ ಗಂಟೆ ಕೇಳಿಸುತ್ತದೆ ಅಂತಲೂ ಹೇಳುತ್ತಿದ್ದರು. 2023ರಲ್ಲಿ ಸಂಶೋಧಕರು ಜ್ಯೂಡ್‌ಫಾಲ್ ಹಾಲಿಗ್‌ನ ಹತ್ತಿರ, ಕೆಸರಿನ ಅಡಿಯಲ್ಲಿ, ಸುಮಾರು ಎರಡು ಕಿಲೋಮೀಟರ್ ಉದ್ದಕ್ಕೆ ಸಾಲಾಗಿದ್ದ ವಾರ್ಫ್ಟ್‌ಗಳನ್ನೂ ಒಂದು ದೊಡ್ಡ ಚರ್ಚಿನ ಬುನಾದಿಯನ್ನೂ ಗುರುತಿಸಿದರು. ಊರು ನಿಜವಾಗಿ ಇತ್ತು.

1634ರ ಅಕ್ಟೋಬರ್ 11ರ ರಾತ್ರಿ ಎರಡನೆಯ ಮಹಾಪ್ರವಾಹ. ಸ್ಟ್ರಾಂಡ್ ಎಂಬ ದೊಡ್ಡ ದ್ವೀಪವನ್ನು ಅದು ಒಡೆದುಹಾಕಿತು. ಆ ಒಂದೇ ದ್ವೀಪದಲ್ಲಿ 6,000ಕ್ಕೂ ಹೆಚ್ಚು ಜನ ಸತ್ತರು. ಈಗಿನ ಪೆಲ್‌ವೋರ್ಮ್ ಮತ್ತು ನಾರ್ಡ್‌ಸ್ಟ್ರಾಂಡ್ ಅದರ ಎರಡು ಚೂರುಗಳು. ಬದುಕಿ ಉಳಿದವರಲ್ಲಿ ಕೆಲವರು ಸ್ಟ್ರಾಂಡ್‌ನ ನಡುವೆ ಸ್ವಲ್ಪ ಎತ್ತರಕ್ಕಿದ್ದ ಜೌಗಿನ ಮೇಲೆ ಹತ್ತಿ ನಿಂತರು, ಅದೇ ಇವತ್ತಿನ ನಾರ್ಡ್‌ಸ್ಟ್ರಾಂಡಿಶ್‌ಮೋರ್ ಹಾಲಿಗ್. ಹೋಗೆಯ ಚರ್ಚನ್ನು ಕಟ್ಟಿದ್ದು ಆ ಪ್ರವಾಹದಲ್ಲಿ ಹಾಳಾದ ಬೇರೊಂದು ಚರ್ಚಿನ ಸಾಮಾನಿನಿಂದ. ಕೆಲವು ಹಾಲಿಗ್‌ಗಳು ಹೀಗೆ ಹಳೆಯ ನೆಲದ ಅವಶೇಷ, ಕೆಲವು ಮುಳುಗಿದ ನೆಲದ ಮೇಲೆ ಹೊಸದಾಗಿ ಮೆಕ್ಕಲು ಕೂತು ಎದ್ದವು.

ಇಂಥ ಕಡೆ ನಿಜವಾದ ಕಷ್ಟ ಕುಡಿಯುವ ನೀರಿನದು. ಸುತ್ತೆಲ್ಲ ನೀರು, ಬಾಯಿಗೆ ಹಾಕಲು ಹನಿ ಇಲ್ಲ. ಅದಕ್ಕೆ ಪ್ರತಿ ವಾರ್ಫ್ಟ್‌ನ ನಡುವೆ ಒಂದು ಹೊಂಡ ತೋಡುತ್ತಿದ್ದರು. ಅದಕ್ಕೆ ಫೇಟಿಂಗ್ ಅಂತ ಹೆಸರು. ಮಳೆನೀರು ಅಲ್ಲಿ ಸೇರುತ್ತದೆ, ದನಕ್ಕೆ ಅದೇ ಆಧಾರ. ಜನರಿಗೆ ಪಕ್ಕದಲ್ಲಿ ಸೋಡ್ ಎಂಬ ಬಾವಿ, ಅದೂ ಮಳೆನೀರಿನದೇ. ದೊಡ್ಡ ಅಲೆ ದಿಬ್ಬವನ್ನೂ ಹತ್ತಿ ಫೇಟಿಂಗ್‌ಗೆ ಉಪ್ಪುನೀರು ನುಗ್ಗಿದರೆ, ಬದುಕಿದ ದನಗಳಿಗೂ ಕುಡಿಯಲು ಇಲ್ಲ. ಮನೆ ಉಳಿದರೂ ಬಾಳು ನಿಂತುಹೋಗುತ್ತಿತ್ತು. ಒಲೆಗೆ ಸೌದೆಯೂ ಇರಲಿಲ್ಲ, ಯಾಕೆಂದರೆ ಮರಗಳೇ ಇಲ್ಲ. ದನದ ಸಗಣಿಯನ್ನು ಹರಡಿ, ತುಳಿದು, ಇಟ್ಟಿಗೆಯ ಹಾಗೆ ಕತ್ತರಿಸಿ ಒಣಗಿಸುತ್ತಿದ್ದರು. ಅದನ್ನು ಡಿಟ್ಟನ್ ಅನ್ನುತ್ತಿದ್ದರು. ನಮಗೆ ಬೆರಣಿ ಅಂದರೆ ಸಾಕು, ಬೇರೆ ವಿವರಣೆ ಬೇಕಿಲ್ಲ.

ಮನೆ ಕಟ್ಟುವ ರೀತಿಯೂ ಬೇರೆ. ಹಳೆಯ ಹಾಲಿಗ್ ಮನೆಯಲ್ಲಿ ಸೂರಿನ ಭಾರ ಗೋಡೆಯ ಮೇಲೆ ಇಲ್ಲ, ಒಳಗೆ ದಿಬ್ಬದ ಆಳಕ್ಕೆ ಹೂತ ಮರದ ಕಂಬಗಳ ಮೇಲಿದೆ. ಅಲೆ ಗೋಡೆಯನ್ನು ಕೆಡವಿದರೂ ಅಟ್ಟ ನಿಲ್ಲಬೇಕು, ಮನೆಯವರು ಅಟ್ಟದ ಮೇಲೆ ಬದುಕಬೇಕು ಅನ್ನುವ ಲೆಕ್ಕ. ಎಲ್ಲ ಸಲ ಆ ಲೆಕ್ಕ ಸರಿಹೋಗಲಿಲ್ಲ. 1825ರ ಫೆಬ್ರವರಿಯ ಪ್ರವಾಹದಲ್ಲಿ ಹಾಲಿಗ್‌ಗಳಲ್ಲಿ 74 ಜನ ಸತ್ತರು. ಆಗ ಈ ನಾಡು ಡೆನ್ಮಾರ್ಕ್ ದೊರೆಯ ಆಳ್ವಿಕೆಯಲ್ಲಿತ್ತು. ಅದೇ ವರ್ಷ ಬೇಸಿಗೆಯಲ್ಲಿ ದೊರೆ 6ನೇ ಫ್ರೆಡರಿಕ್ ನಷ್ಟ ನೋಡಲು ಹೋಗೆಗೆ ಬಂದ, ಹವೆ ಕೆಟ್ಟು ವಾಪಸ್ ಹೋಗಲಾಗದೆ ಒಬ್ಬ ಹಡಗಿನ ಕಪ್ತಾನನ ಮನೆಯಲ್ಲಿ ರಾತ್ರಿ ಕಳೆದ. ಹಾನ್ಸ್‌ವಾರ್ಫ್ಟ್ ಮೇಲಿನ ಆ ಕೋಣೆಯನ್ನು ಇವತ್ತಿಗೂ ಕೋನಿಗ್ಸ್‌ಪೇಜೆಲ್, ಅಂದರೆ ದೊರೆಯ ಪಡಸಾಲೆ, ಅಂತ ಕರೆಯುತ್ತಾರೆ. ಗೋಡೆ ತುಂಬ ನೀಲಿ ಚಿತ್ರದ ಡಚ್ ಹೆಂಚುಗಳಿವೆ. ಕೆಸರಿನ ನಡುವೆ ಇಷ್ಟು ಸಿರಿ ಎಲ್ಲಿಂದ ಬಂತು? 17, 18ನೇ ಶತಮಾನದಲ್ಲಿ ಇಲ್ಲಿನ ಗಂಡಸರು ಡಚ್ಚರ ಮತ್ತು ಹ್ಯಾಂಬರ್ಗ್‌ನ ಹಡಗುಗಳಲ್ಲಿ ತಿಮಿಂಗಿಲ ಬೇಟೆಗೆ, ವ್ಯಾಪಾರಕ್ಕೆ ಹೋಗುತ್ತಿದ್ದರು. ಊರು, ಹೊಲ, ದನ, ಮಕ್ಕಳು ಎಲ್ಲ ಹೆಂಗಸರ ಕೈಯಲ್ಲಿ. ಫ್ಯೋರ್ ದ್ವೀಪದ ಒಬ್ಬ ಕಪ್ತಾನನ ಸಮಾಧಿಯ ಕಲ್ಲಿನಲ್ಲಿ ಅವನು 373 ತಿಮಿಂಗಿಲ ಹಿಡಿದ ಅಂತ ಕೆತ್ತಿದ್ದಾರೆ.

1962ರ ಫೆಬ್ರವರಿಯ ಪ್ರವಾಹದಲ್ಲಿ ಹ್ಯಾಂಬರ್ಗ್ ನಗರದಲ್ಲೇ 300ಕ್ಕೂ ಹೆಚ್ಚು ಜನ ಸತ್ತರು. ಹಾಲಿಗ್‌ಗಳಲ್ಲೂ ಮನೆಗಳು ಒಡೆದವು. ಅದಾದ ಮೇಲೆ ಕಟ್ಟಿದ ಮನೆಗಳ ಮೇಲ್ಮಹಡಿಯಲ್ಲಿ ಒಂದು ಕಾಂಕ್ರೀಟ್ ಕೋಣೆ ಇರುತ್ತದೆ, ಅದರ ಕಂಬಗಳು ದಿಬ್ಬದೊಳಗೆ ಆಳಕ್ಕೆ ಇಳಿದಿರುತ್ತವೆ. ಉಳಿದ ಮನೆ ಹೋದರೂ ಆ ಕೋಣೆ ನಿಲ್ಲಬೇಕು. ಹಳೆಯ ಕಂಬದ ಮನೆಯ ಯೋಚನೆಯೇ ಇದು, ಸಾಮಾನು ಮಾತ್ರ ಹೊಸದು. ಕುಡಿಯುವ ನೀರಿನ ಪೈಪ್ ಬಂದದ್ದೂ ಅದರ ನಂತರದ ವರ್ಷಗಳಲ್ಲೇ.

ಈಗ ಎಲ್ಲ ಹಾಲಿಗ್ ಸೇರಿದರೂ ಮುನ್ನೂರು ಜನ ಇಲ್ಲ. ಹೋಗೆ ಮತ್ತು ಲಾಂಗೆನೆಸ್‌ನಲ್ಲಿ ಹೆಚ್ಚು ಜನ, ಗ್ರೋಡೆಯಲ್ಲಿ ಬೆರಳೆಣಿಕೆಯಷ್ಟು, ಹಾಬೆಲ್‌ನಲ್ಲಿ ಇರುವುದೇ ಒಂದು ಮನೆ. ಲಾಂಗೆನೆಸ್ ಮತ್ತು ಓಲಾಂಡ್‌ಗೆ ಕರಾವಳಿಯ ಡಾಗೆಬ್ಯೂಲ್‌ನಿಂದ ಸಮುದ್ರದ ಮೇಲೆ ಒಂದು ಪುಟ್ಟ ರೈಲುಹಳಿ ಇದೆ. ಒಡ್ಡಿನ ಕೆಲಸದ ಕಲ್ಲು, ಮಣ್ಣು ಸಾಗಿಸಲು ಹಾಕಿದ್ದು. ಈಗ ಒಂದೊಂದು ಮನೆಯವರದೂ ಸ್ವಂತ ಟ್ರಾಲಿ, ಅದಕ್ಕೆ ಸಣ್ಣ ಮೋಟಾರು. ಅಂಗಡಿಗೆ ಹೋಗಬೇಕಾದರೆ ಉಬ್ಬರದ ವೇಳೆ ನೋಡಿಕೊಂಡು ಟ್ರಾಲಿ ಹತ್ತಬೇಕು.

ಭಾಷೆಯ ಮಾತು ಹೇಳದೆ ಇರಲಾರೆ. ಉತ್ತರ ಫ್ರೀಷಿಯನ್ ಜರ್ಮನ್‌ನ ಒಳನುಡಿಯಲ್ಲ, ತನ್ನದೇ ಭಾಷೆ, ಇಂಗ್ಲಿಷಿಗೆ ಹತ್ತಿರದ ನೆಂಟ. ದ್ವೀಪಕ್ಕೊಂದು ಬಗೆ ಇದೆ: ಫ್ಯೋರ್‌ನವರದು ಫೇರಿಂಗ್, ಸಿಲ್ಟ್‌ನವರದು ಸೋಲ್ರಿಂಗ್. ಹಾಲಿಗ್‌ಗಳದೂ ಬೇರೆಯೇ ಒಂದು ಬಗೆ, ಈಗ ಅದನ್ನು ಆಡುವವರು ತೀರಾ ಕಡಿಮೆ. ಪ್ರವಾಹಗಳನ್ನೆಲ್ಲ ದಾಟಿ ಬಂದ ನುಡಿ ಮನೆಯೊಳಗೇ ನಿಂತುಹೋಗುತ್ತಿದೆ ಅನ್ನುವುದು ನನಗೆ ನಿಜವಾಗಿ ಬೇಸರ ತರುತ್ತದೆ. ಪ್ರತಿ ವರ್ಷ ಫೆಬ್ರವರಿ 21ರ ಸಂಜೆ ಈ ನಾಡಿನಲ್ಲಿ ಬೀಕೆ ಎಂಬ ದೊಡ್ಡ ಬೆಂಕಿ ಹಚ್ಚುತ್ತಾರೆ, ಊರಿಗೆ ಊರೇ ಸೇರುತ್ತದೆ. ಅಲ್ಲಿ ಫ್ರೀಷಿಯನ್ ಇನ್ನೂ ಕಿವಿಗೆ ಬೀಳುತ್ತದೆ.

ಕೊನೆಗೆ ನೀರಿನ ವಿಷಯಕ್ಕೇ ಬರುತ್ತೇನೆ. ಹೊರಗಿನವರಿಗೆ ಲಾಂಡ್ ಉಂಟರ್ ಅಂದರೆ ಆಪತ್ತು. ಆದರೆ ಬಂದ ನೀರು ಬರಿಗೈಲಿ ಬರುವುದಿಲ್ಲ. ವಾಡನ್ ಸಮುದ್ರದ, ಅಂದರೆ ಈ ಕರಾವಳಿಯ ಆಳವಿಲ್ಲದ ಸಮುದ್ರದ, ಕೆಸರನ್ನು ಹೊತ್ತು ತಂದು ಹುಲ್ಲಿನ ನಡುವೆ ಬಿಟ್ಟುಹೋಗುತ್ತದೆ. ಒಂದು ಸಲಕ್ಕೆ ತೀರಾ ತೆಳುವಾದ ಪದರ, ಆದರೆ ವರ್ಷಗಳು ಕಳೆದ ಹಾಗೆ ಹಾಲಿಗ್ ಎತ್ತರವಾಗುತ್ತದೆ. ಅಂಚು ಕೊರೆದುಹೋಗದಿರಲಿ ಅಂತ 19ನೇ ಶತಮಾನದ ಕೊನೆಯಿಂದ ಸುತ್ತ ಕಲ್ಲು ಜೋಡಿಸುತ್ತಾ ಬಂದಿದ್ದಾರೆ, ಅದಿಲ್ಲದಿದ್ದರೆ ಕೆಲವು ಹಾಲಿಗ್‌ಗಳು ಇಷ್ಟು ಹೊತ್ತಿಗೆ ಇರುತ್ತಿರಲಿಲ್ಲ. ಅದೇ ಕಲ್ಲಿನ ಅಂಚು ಸಣ್ಣ ಉಬ್ಬರದ ಕೆಸರನ್ನು ಹೊರಗೇ ನಿಲ್ಲಿಸುತ್ತದೆ. ಸಮುದ್ರದ ಮಟ್ಟ ಮಾತ್ರ ಏರುತ್ತಿದೆ. ನೀರು ಜಾಸ್ತಿ ಬಂದರೆ ಮನೆಗೆ ಕಷ್ಟ, ಕಡಿಮೆ ಬಂದರೆ ನೆಲ ಬೆಳೆಯುವುದಿಲ್ಲ. ಹಾಗಾಗಿ ಈಗ ದಿಬ್ಬಗಳನ್ನೇ ದೊಡ್ಡದು ಮಾಡುತ್ತಿದ್ದಾರೆ. ಹೋಗೆಯ ಹಾನ್ಸ್‌ವಾರ್ಫ್ಟ್, ಲಾಂಗೆನೆಸ್‌ನ ಟ್ರಾಯ್‌ಬರ್ಗ್ ಎರಡಕ್ಕೂ ಇತ್ತೀಚಿನ ವರ್ಷಗಳಲ್ಲಿ ಮಣ್ಣು ತುಂಬಿ ಎತ್ತರಿಸಿದ್ದಾರೆ. ಕೆಳಗಿನ ಬಯಲನ್ನು ಮೊದಲಿನ ಹಾಗೇ ಸಮುದ್ರಕ್ಕೆ ಬಿಟ್ಟಿದ್ದಾರೆ. ಏಪ್ರಿಲ್, ಮೇ ತಿಂಗಳಲ್ಲಿ ಸೈಬೀರಿಯಾಕ್ಕೆ ಹೊರಟ ಸಾವಿರಾರು ಕಪ್ಪು ಹೆಬ್ಬಾತುಗಳು ಆ ಉಪ್ಪು ಹುಲ್ಲಿನ ಮೇಲೆ ಇಳಿದು ಮೇಯುತ್ತವೆ, ಜುಲೈ ಹೊತ್ತಿಗೆ ಅದೇ ಬಯಲು ನೇರಳೆ ಬಣ್ಣದ ಹೂವಿನಿಂದ ತುಂಬಿರುತ್ತದೆ.