ಐವತ್ತು ದಾಟಿದವರಿಗೆ ಏಳಡಿಯ ಬೋರ್ಡು

ದಕ್ಷಿಣ ಕ್ಯಾಲಿಫೋರ್ನಿಯಾದ ಸ್ಯಾನ್ ಒನೊಫ್ರೆ ಕಡಲತೀರದ ಒಂದು ಭಾಗಕ್ಕೆ ಸರ್ಫಿಂಗ್ ಮಾಡುವವರು ‘ಓಲ್ಡ್ ಮ್ಯಾನ್ಸ್’ ಎಂದೇ ಹೆಸರಿಟ್ಟಿದ್ದಾರೆ. 2013ರಲ್ಲಿ ಮುಚ್ಚಿಹೋದ ಅಣು ವಿದ್ಯುತ್ ಸ್ಥಾವರದ ಮಗ್ಗುಲಲ್ಲಿ, ಉರುಟು ಕಲ್ಲಿನ ತಳದ ಮೇಲೆ, ಅಲೆಗಳು ಯಾವ ಅವಸರವೂ ಇಲ್ಲದೆ ಮುರಿಯುವ ಜಾಗ ಅದು. ಅಲ್ಲಿಂದ ಉತ್ತರಕ್ಕೆ ನಡೆದೇ ಹೋಗಬಹುದಾದಷ್ಟು ದೂರದಲ್ಲಿ ಟ್ರೆಸಲ್ಸ್ ಇದೆ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನ ಸರ್ಫಿಂಗ್ ಸ್ಪರ್ಧೆಗೆ ಆರಿಸಿರುವುದು ಅದನ್ನೇ. ಟ್ರೆಸಲ್ಸ್‌ನಲ್ಲಿ ಆರಡಿ ಆಸುಪಾಸಿನ ತೆಳ್ಳಗಿನ ಶಾರ್ಟ್‌ಬೋರ್ಡುಗಳ ಕಾರುಬಾರು. ಓಲ್ಡ್ ಮ್ಯಾನ್ಸ್‌ನಲ್ಲಿ ಒಂಬತ್ತಡಿ ಮತ್ತು ಅದಕ್ಕೂ ಉದ್ದದ ಲಾಂಗ್‌ಬೋರ್ಡುಗಳು. ಒಂದು ಕಾಲದಲ್ಲಿ ಮೊದಲನೆಯದು ಕೈಲಾಗದ ದಿನ ಎರಡನೆಯದಕ್ಕೆ ಬಡ್ತಿ ಪಡೆಯುವುದು ವಾಡಿಕೆ. ಈಗ ನಡುವೆ ಒಂದು ದಾರಿ ಮತ್ತೆ ಚಾಲ್ತಿಗೆ ಬಂದಿದೆ: ಆರೂವರೆಯಿಂದ ಎಂಟು ಅಡಿವರೆಗಿನ ‘ಮಿಡ್‌ಲೆಂಗ್ತ್’ ಬೋರ್ಡು.

ವಯಸ್ಸಾದವರು ಬೋರ್ಡು ಕೇಳಿದರೆ ಅಂಗಡಿಯವರು ಸಾಮಾನ್ಯವಾಗಿ “ಸ್ವಲ್ಪ ದೊಡ್ಡದು ತಗೊಳ್ಳಿ, ತೇಲುತ್ತೆ” ಅನ್ನುತ್ತಾರೆ. ಮಾತು ತಪ್ಪಲ್ಲ, ಆದರೆ ಅರ್ಧ. ನನ್ನ ಲೆಕ್ಕದಲ್ಲಿ ಬೋರ್ಡಿನ ಉದ್ದವನ್ನು ಆರಿಸಬೇಕಾದದ್ದು ಅಲೆಯ ಮೇಲೆ ಎದ್ದು ನಿಲ್ಲುವುದಕ್ಕೆ ಮುಂಚಿನ ಎರಡು ಮೂರು ಕ್ಷಣಗಳಿಗಾಗಿ. ಎದ್ದು ನಿಂತ ಮೇಲಿನ ಸುಖದುಃಖವನ್ನು ಬಹುಪಾಲು ತೀರ್ಮಾನಿಸುವುದು ತಳದಲ್ಲಿ ಮೀನಿನ ಈಜುರೆಕ್ಕೆಯಂತೆ ಚಾಚಿರುವ ಫಿನ್ನುಗಳು.

ಮೊದಲು ದೇಹದ ಕಥೆ. ಮೂವತ್ತು ದಾಟಿದ ಮೇಲೆ ಸ್ನಾಯುವಿನ ರಾಶಿ ದಶಕಕ್ಕೆ ಶೇ 3ರಿಂದ 8ರಷ್ಟು ಕರಗುತ್ತದೆ ಎಂಬುದು ವೈದ್ಯಲೋಕದಲ್ಲಿ ಸಾಮಾನ್ಯವಾಗಿ ಒಪ್ಪಿರುವ ಅಂದಾಜು. ಕರಗುವುದರಲ್ಲೂ ಪಕ್ಷಪಾತವಿದೆ. ಗಂಟೆಗಟ್ಟಲೆ ದುಡಿಯುವ ನಿಧಾನಗತಿಯ ಎಳೆಗಳು ಅಷ್ಟಾಗಿ ಸೊರಗುವುದಿಲ್ಲ. ಒಮ್ಮೆಲೇ ಚಿಮ್ಮುವ ವೇಗದ ಎಳೆಗಳು ಮೊದಲು ಸೊರಗುತ್ತವೆ. ಹಾಗಾಗಿ ಅರವತ್ತರ ಸರ್ಫರ್ ಬೋರ್ಡಿನ ಮೇಲೆ ಬೋರಲು ಮಲಗಿ, ಹುಟ್ಟು ಹಾಕಿದಂತೆ ಒಂದು ಗಂಟೆ ಕಡಲಲ್ಲಿ ಕೈಬೀಸುತ್ತಾ ಇರಬಲ್ಲ. ಆದರೆ ಅಲೆ ಬೆನ್ನಿಗೆ ಬಂದಾಗ ಹಾಕಬೇಕಾದ ಆ ಐದಾರು ಬಿರುಸಿನ ಬೀಸು, ಆಮೇಲೆ ಮಲಗಿದಲ್ಲಿಂದ ಒಂದೇ ನೆಗೆತಕ್ಕೆ ಎದ್ದು ನಿಲ್ಲುವುದು, ಇವೆರಡೂ ಕೈಕೊಡುತ್ತವೆ. ಭುಜದ ಕೀಲಿನ ಸ್ನಾಯುರಜ್ಜುಗಳು ಸವೆದಿದ್ದರಂತೂ ಕೇಳುವುದೇ ಬೇಡ. ಸರ್ಫರುಗಳ ಹಿಂದೆ ಗಡಿಯಾರ ಹಿಡಿದು ಮಾಡಿದ ಅಧ್ಯಯನಗಳ ಪ್ರಕಾರ ನೀರಿನಲ್ಲಿ ಕಳೆಯುವ ಸಮಯದಲ್ಲಿ ಸುಮಾರು ಅರ್ಧ ಹೋಗುವುದು ಕೈಬೀಸುವುದರಲ್ಲಿ. ಅಲೆಯ ಮೇಲೆ ನಿಂತಿರುವುದು ಶೇ 5ರ ಆಸುಪಾಸು ಮಾತ್ರ. ಹೀಗಿದ್ದೂ ನಾವು ಬೋರ್ಡು ಕೊಳ್ಳುವಾಗ ತಿರುಗುವಿಕೆಯ ಬಗ್ಗೆ ಮಾತಾಡುತ್ತೇವೆ, ಕೈಬೀಸುವಿಕೆಯ ಬಗ್ಗೆ ಮಾತಾಡುವುದಿಲ್ಲ!

ಅಲೆ ಹಿಡಿಯಬೇಕಾದರೆ ಅದರ ವೇಗದ ಹತ್ತಿರಕ್ಕಾದರೂ ಬರಬೇಕು. ಆಳ ಕಡಿಮೆಯಿರುವ ಕಡೆ ಅಲೆಯ ವೇಗ ನೀರಿನ ಆಳದ ವರ್ಗಮೂಲಕ್ಕೆ ತಕ್ಕಂತೆ ಇರುತ್ತದೆ. ಒಂದು ಮೀಟರ್ ಎತ್ತರದ ಅಲೆ ಸುಮಾರು 1.3 ಮೀಟರ್ ಆಳಕ್ಕೆ ಬಂದಾಗ ಮುರಿಯುತ್ತದೆ. ಆಗ ಅದರ ವೇಗ ಸೆಕೆಂಡಿಗೆ ಸುಮಾರು 3.5 ಮೀಟರ್. ಮನುಷ್ಯ ಬೋರ್ಡಿನ ಮೇಲೆ ಮಲಗಿ ಪ್ರಾಣ ಬಿಟ್ಟು ಕೈಬೀಸಿದರೂ ಇದರ ಅರ್ಧ ಮುಟ್ಟಿದರೆ ಹೆಚ್ಚು. ಉಳಿದ ಅರ್ಧವನ್ನು ಅಲೆಯ ಇಳಿಜಾರೇ ಕೊಡಬೇಕು.

ಕೈಬೀಸುವ ವೇಗಕ್ಕೆ ಮಿತಿ ಹಾಕುವುದು ತೋಳಿನ ಬಲ ಮಾತ್ರವಲ್ಲ. 1870ರ ದಶಕದಲ್ಲಿ ಇಂಗ್ಲೆಂಡಿನ ಟಾರ್ಕಿ ಪಟ್ಟಣದಲ್ಲಿ ವಿಲಿಯಂ ಫ್ರೂಡ್ ಎಂಬ ಎಂಜಿನಿಯರು ಉದ್ದನೆಯ ತೊಟ್ಟಿ ಕಟ್ಟಿಸಿ, ಅದರಲ್ಲಿ ಹಡಗುಗಳ ಪುಟ್ಟ ಮಾದರಿಗಳನ್ನು ಎಳೆಸಿ ನೋಡಿದ. ತೇಲುವ ವಸ್ತು ಮುಂದೆ ಸಾಗುವಾಗ ತಾನೇ ಒಂದು ಅಲೆ ಎಬ್ಬಿಸುತ್ತದೆ. ವೇಗ ಹೆಚ್ಚಿದಂತೆ ಆ ಅಲೆ ಉದ್ದವಾಗುತ್ತಾ ಹೋಗಿ, ಅದರ ಉದ್ದ ವಸ್ತುವಿನ ಉದ್ದಕ್ಕೆ ಸಮನಾದ ಹೊತ್ತಿಗೆ ಮೂತಿ ಮೇಲೆ, ಬಾಲ ಕೆಳಗೆ. ಅಲ್ಲಿಂದಾಚೆ ಘಾಟಿ ಏರುವ ಲೋಡು ಲಾರಿಯ ಪಾಡು: ಎಷ್ಟು ಶಕ್ತಿ ಸುರಿದರೂ ವೇಗ ಏರುವುದು ಚೂರೇ ಚೂರು. ಆರಡಿ ಉದ್ದಕ್ಕೆ ಈ ಮಿತಿ ಸೆಕೆಂಡಿಗೆ ಸುಮಾರು 1.7 ಮೀಟರ್. ಏಳಡಿ ಎರಡಿಂಚಿಗೆ 1.85, ಒಂಬತ್ತಡಿಗೆ 2.1ರ ಹತ್ತಿರ. ಆರಡಿಯಿಂದ ಏಳು ಚಿಲ್ಲರೆಗೆ ಹೋದರೆ ಸಿಗುವುದು ಶೇ 9ರಷ್ಟು ಮಾತ್ರ, ನಿಜ. ಆದರೆ ಈ ಮಿತಿಯ ಸುತ್ತಮುತ್ತ ನೀರಿನ ಎಳೆತ ತೀರಾ ಕಡಿದಾಗಿ ಏರುವುದರಿಂದ, ಅದೇ ವೇಗಕ್ಕೆ ತೋಳು ತೆರಬೇಕಾದ ಬೆಲೆ ಗಣನೀಯವಾಗಿ ಇಳಿಯುತ್ತದೆ.

ಇದರ ಫಲ ಕಾಣುವುದು ಇಳಿಜಾರಿನಲ್ಲಿ. ನಿಧಾನ ಬಂದವನು ಅಲೆ ಕಡಿದಾಗುವವರೆಗೆ ಕಾಯಬೇಕು. ಆಗ ಗುರುತ್ವ ಜೋರಾಗಿ ಎಳೆಯುತ್ತದೆ, ಅಲೆ ಸಿಕ್ಕೇ ಸಿಗುತ್ತದೆ, ಆದರೆ ಏಳುವುದಕ್ಕೆ ಉಳಿಯುವುದು ಕಣ್ಣು ಮಿಟುಕಿಸುವಷ್ಟು ಹೊತ್ತು. ಸ್ವಲ್ಪ ವೇಗ ಮೊದಲೇ ಕೈಯಲ್ಲಿದ್ದವನಿಗೆ ಹತ್ತು ಡಿಗ್ರಿಯ ಮಂದ ಇಳಿಜಾರೇ ಸಾಕು: ಅದು ಪ್ರತಿ ಸೆಕೆಂಡಿಗೆ 1.7 ಮೀಟರ್‌ನಷ್ಟು ವೇಗ ಕೂಡಿಸುತ್ತದೆ, ನೀರಿನ ತಡೆಯನ್ನು ಕಳೆದರೂ ಅಲೆ ಮುರಿಯುವುದಕ್ಕೆ ಮುಂಚೆ ಬೋರ್ಡು ಓಡತೊಡಗುತ್ತದೆ. ಮೊಣಕಾಲು ಹಿಡಿದುಕೊಂಡಿದ್ದರೆ, ಸೊಂಟ ಬಗ್ಗದಿದ್ದರೆ, ಒಂದು ಕಾಲು ಎಳೆದು ಇನ್ನೊಂದನ್ನು ಜೋಡಿಸಿಕೊಳ್ಳುವುದಕ್ಕೆ ಆ ಒಂದು ಸೆಕೆಂಡ್ ಬೇಕೇ ಬೇಕು. ಹೆಚ್ಚಿನ ಉದ್ದಕ್ಕೆ ದುಡ್ಡು ಕೊಟ್ಟಾಗ ನಾವು ನಿಜವಾಗಿ ಕೊಳ್ಳುವುದು ಈ ಸಮಯವನ್ನು. ಕೆಲ್ಲಿ ಸ್ಲೇಟರ್ 2022ರಲ್ಲಿ, ಐವತ್ತನೆಯ ಹುಟ್ಟುಹಬ್ಬಕ್ಕೆ ಒಂದು ವಾರವಿದೆ ಎನ್ನುವಾಗ, ಹವಾಯಿಯಲ್ಲಿ ಪೈಪ್‌ಲೈನ್ ಎಂಬ ಕಡಿದಾದ ಅಲೆಗಳ ಜಾಗದಲ್ಲಿ ಶಾರ್ಟ್‌ಬೋರ್ಡು ಹಿಡಿದು ಗೆದ್ದ ಉದಾಹರಣೆಯನ್ನು ಯಾರಾದರೂ ತೆಗೆದೇ ತೆಗೆಯುತ್ತಾರೆ. ಅವರು ಹನ್ನೊಂದು ಸಲ ವಿಶ್ವ ಚಾಂಪಿಯನ್. ನಮ್ಮ ನಿಮ್ಮ ಮೊಣಕಾಲಿಗೆ ಅದು ಪ್ರಮಾಣವಲ್ಲ.

ಬೋರ್ಡಿನ ಗಾತ್ರ ಎಷ್ಟೆಂದು ಅದರ ಮೇಲೆ ಬರೆದಿರುವ ಲೀಟರ್ ಸಂಖ್ಯೆಯ ಬಗ್ಗೆ ನನಗೆ ಅಷ್ಟೇನೂ ಭಕ್ತಿಯಿಲ್ಲ. 30 ಲೀಟರಿನ ಬೋರ್ಡಿನ ಬದಲು 45 ಲೀಟರಿನದು ತೆಗೆದುಕೊಂಡರೆ ಸುಮಾರು 15 ಕಿಲೋ ದೇಹಭಾರ ನೀರಿನಿಂದ ಮೇಲೆ ಬರುತ್ತದೆ. ಇದು ಆರ್ಕಿಮಿಡೀಸ್ ಹೇಳಿದ್ದೇ. ಎದೆ, ತೊಡೆ ನೀರಲ್ಲಿ ಎಳೆಯುವುದು ಕಡಿಮೆಯಾಗುತ್ತದೆ. ಆದರೆ ಆರಡಿಯಲ್ಲೇ 45 ಲೀಟರ್ ತುರುಕಿದರೆ ಬೋರ್ಡು ದಪ್ಪಗಾಗುತ್ತದೆಯೇ ಹೊರತು ಫ್ರೂಡ್ ಹೇಳಿದ ಮಿತಿ ಕದಲುವುದಿಲ್ಲ, ಅಂಚೂ ದಪ್ಪಗಾಗಿ ಅಲೆಯ ಗೋಡೆಯಲ್ಲಿ ಊರುವುದಿಲ್ಲ. ಅದೇ ಗಾತ್ರವನ್ನು ಏಳಡಿಗೆ ಹರಡಿ, ಎದೆ ಒರಗುವ ಜಾಗದಲ್ಲಿ ತುಸು ಹೆಚ್ಚು ಇಟ್ಟರೆ ಲೆಕ್ಕವೇ ಬೇರೆ.

ಬೋರ್ಡನ್ನು ಪಕ್ಕದಿಂದ ನೋಡಿದಾಗ ಕಾಣುವ ಬಾಗುವಿಕೆಗೆ ರಾಕರ್ ಎನ್ನುತ್ತಾರೆ. ಮೂತಿ ತೀರಾ ಮೇಲಕ್ಕೆ ಬಾಗಿದ್ದರೆ ಕೈಬೀಸುವಾಗ ಅದು ನೀರನ್ನು ತಳ್ಳುತ್ತಾ ಹೋಗುತ್ತದೆ, ನೀರಿಗೆ ತಾಗುವ ಉದ್ದವೂ ಕುಗ್ಗುತ್ತದೆ. ಏಳಡಿ ಕೊಟ್ಟು ಆರಡಿಯ ಕೆಲಸ ಪಡೆದಂತೆ. ಮೂತಿಯ ಬಾಗು ಮಂದವಾಗಿರಲಿ, ನಡುಭಾಗ ಬಹುತೇಕ ಚಪ್ಪಟೆಯಿರಲಿ, ಹಿಂಬದಿ ಮಾತ್ರ ಸ್ವಲ್ಪ ಏಳಲಿ. ತಿರುಗುವಾಗ ಹಿಂಗಾಲು ಊರುವುದು ಅಲ್ಲೇ. ಅತಿ ಅಗಲವಾದ ಜಾಗ ನಟ್ಟನಡುವಿಗಿಂತ ಎರಡು ಮೂರು ಇಂಚು ಮುಂದಿದ್ದರೆ ಎದೆಗೆ ಆಸರೆ. ಬಾಲ ದುಂಡಗೋ ಮೊಂಡು ಚೂಪಾಗಿಯೋ ಇದ್ದರೆ ದೊಡ್ಡ ಅಲೆಯಲ್ಲೂ ಗಾಬರಿ ಹುಟ್ಟಿಸುವುದಿಲ್ಲ. ಸ್ಯಾನ್ ಡಿಯಾಗೊ ಕಡೆ ‘ಎಗ್’ ಎಂದು ಕರೆಯುವ ದುಂಡು ಮೂತಿ, ದುಂಡು ಬಾಲದ ಆಕಾರ ಹೆಚ್ಚುಕಡಿಮೆ ಇದೇ. ಅಂಚುಗಳು ಮುಂದೆ ಮೆತ್ತಗೆ ದುಂಡಗಿರಬೇಕು, ಹಿಂದಿನ ಒಂದೂವರೆ ಅಡಿಯಲ್ಲಿ ತಳದ ಕಡೆ ಚೂಪಾಗಬೇಕು. ದುಂಡು ಅಂಚನ್ನು ನೀರು ಅಂಟಿಕೊಂಡು ಸುತ್ತುತ್ತದೆ, ಅದು ಹಿಡಿತ. ಚೂಪು ಅಂಚಿನಲ್ಲಿ ಕಳಚಿಕೊಳ್ಳುತ್ತದೆ, ಅದು ವೇಗ.

ಉದ್ದಕ್ಕೆ ಬೆಲೆ ತೆರಲೇಬೇಕು. ಒಂದು ವಸ್ತುವನ್ನು ಅದರ ನಡುವಿನ ಸುತ್ತ ತಿರುಗಿಸುವ ಕಷ್ಟ, ತೂಕದ ಜೊತೆಗೆ ಉದ್ದದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಆರಡಿಯಿಂದ ಏಳಡಿ ಎರಡಿಂಚಿಗೆ ಹೋಗಿ, ತೂಕ ಮೂರನೆಯ ಒಂದು ಪಾಲು ಹೆಚ್ಚಿದರೆ ಈ ಜಡತ್ವ ಸುಮಾರು ದುಪ್ಪಟ್ಟು. ಒಂಬತ್ತಡಿಗಂತೂ ಇನ್ನೂ ಎಷ್ಟೋ ಪಟ್ಟು. ಐವತ್ತಕ್ಕೇ ಲಾಂಗ್‌ಬೋರ್ಡಿಗೆ ಓಡಬೇಡಿ ಅನ್ನುವುದು ಇದಕ್ಕಾಗಿ. ಮುರಿದ ಅಲೆಯ ನೊರೆಯಡಿ ಮುಳುಗಿ ದಾಟುವ ಡಕ್ ಡೈವ್ ಕೂಡ 45 ಲೀಟರ್ ಬೋರ್ಡಿನಲ್ಲಿ ಬಹುಮಂದಿಗೆ ಆಗದ ಮಾತು. ಅದನ್ನು ಬಿಗಿಯಾಗಿ ಹಿಡಿದು ಮಗುಚಿಕೊಂಡು, ನೊರೆ ಮೇಲೆ ಹಾದುಹೋಗಲು ಬಿಡಬೇಕು. ಇಲ್ಲವೇ ಅಲೆ ಮುರಿಯದ ಕಾಲುವೆ ಹುಡುಕಿ ಬಳಸಿ ಹೋಗಬೇಕು. ವಯಸ್ಸಿನ ಜೊತೆ ಬರುವ ತಾಳ್ಮೆಗೆ ಅಲ್ಲಿ ಕೆಲಸವಿದೆ.

ಇನ್ನು ಫಿನ್ನುಗಳು. 1935ರಲ್ಲಿ ಅಮೆರಿಕದ ಸರ್ಫರ್ ಟಾಮ್ ಬ್ಲೇಕ್ ಹವಾಯಿಯಲ್ಲಿ ತನ್ನ ಬೋರ್ಡಿನ ತಳಕ್ಕೆ ಹಳೆಯ ಮೋಟಾರು ದೋಣಿಯೊಂದರ ಫಿನ್ನು ಜೋಡಿಸುವವರೆಗೆ ಸರ್ಫ್ ಬೋರ್ಡಿಗೆ ಅಂಥದ್ದೊಂದು ಇರಲೇ ಇಲ್ಲ. ಕೆಲಸದ ಬಗೆ ವಿಮಾನದ ರೆಕ್ಕೆಯದೇ, ಆದರೆ ಲಂಬವಾಗಿ ನಿಂತಿದೆ. ನೀರು ಓರೆಯಾಗಿ ಬಡಿದಾಗ ಅದು ಪಕ್ಕಕ್ಕೆ ಒಂದು ಬಲ ಹುಟ್ಟಿಸುತ್ತದೆ. ಆ ಬಲವೇ ಬೋರ್ಡು ಜಾರದಂತೆ ಹಿಡಿಯುವುದು, ತಿರುಗಿಸುವುದು. ಬಲದ ಪ್ರಮಾಣ ಫಿನ್ನಿನ ವಿಸ್ತೀರ್ಣಕ್ಕೆ ನೇರವಾಗಿ, ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಅಂದರೆ ವೇಗ ಅರ್ಧವಾದರೆ ಹಿಡಿತ ಕಾಲುಭಾಗಕ್ಕೆ ಇಳಿಯುತ್ತದೆ. ಸಣ್ಣ ಅಲೆಯಲ್ಲಿ ನಿಧಾನ ಹೋಗುವ, ಮೈಭಾರ ಇರುವ ಸವಾರನಿಗೆ ಫಿನ್ನು ದೊಡ್ಡದೇ ಬೇಕು.

ಈಗಿನ ಶಾರ್ಟ್‌ಬೋರ್ಡುಗಳ ಮೂರು ಫಿನ್ನಿನ ವ್ಯವಸ್ಥೆ ಹುಟ್ಟಿದ್ದೇ ಒಂದು ಭಾರಿ ದೇಹದ ದೆಸೆಯಿಂದ. ಎಪ್ಪತ್ತರ ದಶಕದ ಕೊನೆಗೆ ಎರಡು ಫಿನ್ನಿನ ಕಾಲ. ಆಸ್ಟ್ರೇಲಿಯಾದ ಮಾರ್ಕ್ ರಿಚರ್ಡ್ಸ್ ಅದರ ಮೇಲೆ 1979ರಿಂದ 82ರವರೆಗೆ ನಾಲ್ಕು ಸಲ ವಿಶ್ವ ಚಾಂಪಿಯನ್ ಆದರು. ಅವರದೇ ದೇಶದ ಸೈಮನ್ ಆ್ಯಂಡರ್ಸನ್ ಆಜಾನುಬಾಹು. ಅವರ ಕಾಲಡಿಯಲ್ಲಿ ಎರಡು ಫಿನ್ನು ಜಾರುತ್ತಿತ್ತು. ಅವರು ನಡುವೆ ಮೂರನೆಯದೊಂದನ್ನು ಸೇರಿಸಿ ‘ಥ್ರಸ್ಟರ್’ ಎಂದು ಹೆಸರಿಟ್ಟು, 1981ರಲ್ಲಿ ಬೆಲ್ಸ್ ಬೀಚಿನ ಭಾರಿ ಅಲೆಗಳಲ್ಲಿ ಗೆದ್ದರು. ಆಗ ಇಪ್ಪತ್ತರಲ್ಲಿದ್ದವರಿಗೆ ಈಗ ಅರವತ್ತು ದಾಟಿದೆ. ಇಂದಿನ ‘ವಯಸ್ಸಾದ ಸರ್ಫರ್’ ಅಂದರೆ ಅವರೇ, ಥ್ರಸ್ಟರ್ ಮೇಲೆ ಬೆಳೆದವರು. ಅವರ ಹಿಂಗಾಲಿಗೆ ಒತ್ತಿದ ಕೂಡಲೇ ಉತ್ತರ ಸಿಗುವ ಅಭ್ಯಾಸ. ಅಂಥವರನ್ನು ಒಂದೇ ಫಿನ್ನಿನ ಬೋರ್ಡಿನ ಮೇಲೆ ನಿಲ್ಲಿಸಿದರೆ ಮೊದಲ ಕೆಲವು ದಿನ ಗೊಣಗಾಟ ಗ್ಯಾರಂಟಿ.

ಹಾಗಂತ ಮಿಡ್‌ಲೆಂಗ್ತಿಗೂ ಥ್ರಸ್ಟರೇ ಹಾಕಿಸುವುದು ನನಗೆ ಅಷ್ಟು ಸರಿ ಕಾಣುವುದಿಲ್ಲ. ಥ್ರಸ್ಟರಿನ ಪಕ್ಕದ ಫಿನ್ನುಗಳು ಮೂತಿಯ ಕಡೆಗೆ ಸ್ವಲ್ಪ ಒಳಮುಖವಾಗಿರುತ್ತವೆ. ತಿರುಗುವಾಗ ಅದು ಒಳ್ಳೆಯದು, ನೇರ ಹೋಗುವಾಗ ಎರಡೂ ಸದಾ ಓರೆ ನೀರು ತಿನ್ನುತ್ತಾ ಎಳೆತ ಹುಟ್ಟಿಸುತ್ತವೆ. ಆ ನಷ್ಟವನ್ನು ಎಳೆಯರು ಕಾಲಿನಿಂದ ಬೋರ್ಡನ್ನು ಮೇಲೆ ಕೆಳಗೆ ಪಂಪ್ ಮಾಡಿ ತುಂಬಿಕೊಳ್ಳುತ್ತಾರೆ. ಮಿಡ್‌ಲೆಂಗ್ತ್ ಓಡುವುದೇ ಬಹುಪಾಲು ನೇರವಾಗಿ, ಅಲೆಯ ಗೋಡೆಗುಂಟ. ಎತ್ತರದ ಒಂದೇ ಫಿನ್ನು ಅಲ್ಲಿ ಕಡಿಮೆ ಎಳೆತಕ್ಕೆ ಹೆಚ್ಚು ಹಿಡಿತ ಕೊಡುತ್ತದೆ. ಉದ್ದ ಕಿರಿದಾದ ರೆಕ್ಕೆಯಿರುವ ಗ್ಲೈಡರ್ ವಿಮಾನಕ್ಕೂ ಅದೇ ಸೂತ್ರ. ಬೋರ್ಡಿನ ಪ್ರತಿ ಅಡಿಗೆ ಒಂದಿಂಚು ಫಿನ್ನು ಎನ್ನುವುದು ಹಳಬರ ಲೆಕ್ಕ.

ನಡುವಿನ ದಾರಿ ‘ಟು ಪ್ಲಸ್ ಒನ್’: ಮಧ್ಯೆ ಆರು ಆರೂವರೆ ಇಂಚಿನದೊಂದು, ಪಕ್ಕದಲ್ಲಿ ಮೂರೂವರೆ ಇಂಚಿನ ಪುಟಾಣಿ ಜೋಡಿ. ಥ್ರಸ್ಟರಿನಿಂದ ಬಂದವರು ಇಲ್ಲಿಂದ ಶುರುಮಾಡುವುದು ವಾಸಿ. ಬೇಡವೆನಿಸಿದ ದಿನ ಪಕ್ಕದವನ್ನು ಬಿಚ್ಚಿಟ್ಟು, ಮಧ್ಯಕ್ಕೆ ದೊಡ್ಡದು ಹಾಕಿದರಾಯಿತು. ಎರಡೇ ಫಿನ್ನಿನ ಉದ್ದ ಬೋರ್ಡುಗಳೂ ಈಚೆಗೆ ಜನಪ್ರಿಯ. ಚುರುಕು, ಹಗುರ; ತೂಕದವರು ಮಾತ್ರ ಆ್ಯಂಡರ್ಸನ್ ಪಟ್ಟ ಪಾಡನ್ನು ನೆನೆದು ದೊಡ್ಡ ಫಿನ್ನು ಆರಿಸಲಿ.

ಮಧ್ಯದ ಫಿನ್ನು ಕೂರುವುದು ಬೋರ್ಡಿನ ತಳದಲ್ಲಿರುವ ಸುಮಾರು ಹತ್ತಿಂಚು ಉದ್ದದ ಕಿರಿದಾದ ತೋಡಿನಲ್ಲಿ. ಫಿನ್ನಿನ ಬುಡದ ಹಿಂಬದಿಯಲ್ಲಿ ಅಡ್ಡಕ್ಕೊಂದು ಹಿತ್ತಾಳೆ ಕಡ್ಡಿ, ಮುಂಬದಿಯಲ್ಲಿ ಸ್ಕ್ರೂಗೆ ತೂತು. ಉಗುರಿನಷ್ಟು ದೊಡ್ಡ ಲೋಹದ ಬಿಲ್ಲೆಯನ್ನು ಮೊದಲು ತೋಡಿನೊಳಗೆ ಇಳಿಸಿ, ಅದು ತೂತಿನ ಕೆಳಗೆ ಬರುವಂತೆ ಸರಿಸಿ, ಸ್ಕ್ರೂ ಬಿಗಿಯಬೇಕು. ಮರಳು ಸೇರಿಕೊಂಡಿದ್ದರೆ ಬಿಲ್ಲೆ ಅರ್ಧದಲ್ಲೇ ಕಚ್ಚಿಕೊಳ್ಳುತ್ತದೆ. ಹಳೆಯ ಟೂತ್‌ಬ್ರಷ್ ಜೊತೆಗಿರಲಿ. ಫಿನ್ನನ್ನು ಮೂತಿಯ ಕಡೆ ಅರ್ಧ ಇಂಚು ತಳ್ಳಿದರೆ ಅದು ಹಿಂಗಾಲಿಗೆ ಹತ್ತಿರವಾಗಿ ಬೋರ್ಡು ಸಲೀಸಾಗಿ ತಿರುಗುತ್ತದೆ. ಬಾಲದ ಕಡೆ ತಳ್ಳಿದರೆ ದೃಢವಾಗಿ, ಸ್ವಲ್ಪ ಹಟಮಾರಿಯಾಗಿ ನೇರ ಓಡುತ್ತದೆ. ನೆಟ್ಟಗಿರುವ ಫಿನ್ನು ನಿಂತಲ್ಲೇ ತಿರುಗಿಸುತ್ತದೆ. ಹಿಂದಕ್ಕೆ ಬಾಗಿದ್ದು ಉದ್ದನೆಯ ಕಮಾನು ಬರೆಯುತ್ತದೆ. ಅರವತ್ತರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಸರ್ಫರ್ ಜಾರ್ಜ್ ಗ್ರೀನೊ ಮೀನಿನ ಬಾಲ ನೋಡಿ ರೂಪಿಸಿದ ಬಳುಕುವ ಫಿನ್ನು ಈ ಎರಡನೆಯ ಜಾತಿಯದು. ಹೊಸ ಬೋರ್ಡು ಹಿಡಿಸಲಿಲ್ಲವೆಂದು ಮಾರುವ ಮುಂಚೆ ಫಿನ್ನನ್ನು ಒಂದಷ್ಟು ಸಲ ಹಿಂದೆ ಮುಂದೆ ಮಾಡಿ ನೋಡಿ. ಬೋರ್ಡಿನ ಬೆಲೆಯ ಮುಂದೆ ಇನ್ನೊಂದು ಫಿನ್ನಿನ ಬೆಲೆ ಏನೂ ಅಲ್ಲ.

ನಮ್ಮ ಕರಾವಳಿಯಲ್ಲಿ ಸರ್ಫಿಂಗ್ ಬೇರೂರಿದ್ದು ಮೂಲ್ಕಿಯ ಮಂತ್ರ ಸರ್ಫ್ ಕ್ಲಬ್‌ನಿಂದ, ಈ ಶತಮಾನದ ಮೊದಲ ದಶಕದಲ್ಲಿ. ಪಕ್ಕದ ಸಸಿಹಿತ್ಲುವಿನಲ್ಲಿ ರಾಷ್ಟ್ರಮಟ್ಟದ ಸ್ಪರ್ಧೆಗಳೂ ನಡೆದಿವೆ. ಸ್ಪರ್ಧಿಗಳು ಎಳೆಯರು, ಆದರೆ ನಲವತ್ತು ದಾಟಿದ ಮೇಲೆ ಕಲಿಯಲು ಬರುವವರೂ ಇದ್ದಾರೆ. ಮಳೆಗಾಲದ ಅಬ್ಬರ ಬಿಟ್ಟರೆ ಇಲ್ಲಿನ ಅಲೆ ಸಣ್ಣದು, ಬಲ ಕಡಿಮೆ, ತಳ ಮರಳು. ಶಾರ್ಟ್‌ಬೋರ್ಡಿಗೆ ಇದು ಉಪವಾಸ. ಏಳೂವರೆ ಅಡಿಯ ಆಸುಪಾಸಿನದಕ್ಕೆ ಹೇಳಿ ಮಾಡಿಸಿದ ಜಾಗ. ಮರಳು ದಿಬ್ಬದ ಮೇಲೆ ನೀರು ಮೊಣಕಾಲುಮಟ್ಟಕ್ಕೆ ಇಳಿಯುವ ಕಡೆ ಎಂಟಿಂಚಿನ ಫಿನ್ನು ನೆಲಕ್ಕೆ ತಾಗಿ, ಸವಾರ ಮುಂದಕ್ಕೆ ಹಾರಿ ಬೀಳುವುದುಂಟು. ಕಡಲಿನ ಇಳಿತದ ಹೊತ್ತಿನಲ್ಲಿ ನೀರಿಗಿಳಿಯುವವರು ಟು ಪ್ಲಸ್ ಒನ್ ಇಟ್ಟುಕೊಂಡು, ಮಧ್ಯದ್ದನ್ನು ಒಂದು ಅಳತೆ ಕಿರಿದು ಮಾಡಿಕೊಂಡರೆ ಕ್ಷೇಮ.