ಆಫ್‌ರೋಡ್ ಶೋಗಳಲ್ಲಿ ತೋರಿಸೋದೆಲ್ಲ ನಿಜಾನಾ?

ಓದುಗರ ಪ್ರಶ್ನೆ: "ಐಸ್ ರೋಡ್ ಟ್ರಕರ್ಸ್, ಟಾಪ್ ಗೇರ್ ತರಹದ ಶೋಗಳನ್ನು ತುಂಬಾ ನೋಡ್ತೀನಿ. ಗಾಡಿ ಹೂತುಕೊಳ್ಳೋದು, ಮಂಜುಗಡ್ಡೆ ಬಿರುಕು ಬಿಡೋದು, ಪ್ರಪಾತದ ಅಂಚಿನಲ್ಲಿ ಚಕ್ರ ಜಾರೋದು ಎಲ್ಲ ನಿಜಾನಾ? ಇಲ್ಲ ಮೊದಲೇ ಬರೆದುಕೊಂಡು ಮಾಡ್ತಾರಾ? ನಾನೂ ಈಗ ಒಂದು ಫೋರ್ ಬೈ ಫೋರ್ ತಗೊಂಡಿದ್ದೀನಿ. ಹಾಗೆಲ್ಲ ಓಡಿಸಬಹುದಾ?"

ಮೊದಲು ಚಿಕ್ಕ ಉತ್ತರ. ರಸ್ತೆ ನಿಜ, ಗಾಡಿ ನಿಜ, ಕೆಸರೂ ನಿಜ. ಎಷ್ಟೋ ಸಲ ಡ್ರೈವರ್ ಮುಖದಲ್ಲಿ ಕಾಣುವ ಹೆದರಿಕೆಯೂ ನಿಜ. ಸುಳ್ಳು ನುಸುಳುವುದು ಎರಡು ಕಡೆ. ಒಂದು, ಸಮಯ. ಅರ್ಧ ದಿನ ಹಿಡಿದ ಕೆಲಸ ಎರಡು ನಿಮಿಷದಲ್ಲಿ ಮುಗಿದುಹೋಗುತ್ತದೆ. ಇನ್ನೊಂದು, ಒಂಟಿತನ. ಸುತ್ತ ದೊಡ್ಡ ತಂಡವೇ ನಿಂತಿದ್ದರೂ ಡ್ರೈವರ್ ಒಬ್ಬನೇ ಸಿಕ್ಕಿಹಾಕಿಕೊಂಡ ಹಾಗೆ ತೋರಿಸುತ್ತಾರೆ. ಕಥೆ ಬರೆಯುತ್ತಾರಾ ಅಂದರೆ, ಬರೆಯುತ್ತಾರೆ. ಆದರೆ ಜಾಸ್ತಿ ಪಾಲು ಶೂಟಿಂಗ್ ಮುಗಿದ ಮೇಲೆ, ಎಡಿಟಿಂಗ್ ಕೋಣೆಯಲ್ಲಿ.

ನೀವು ಹೆಸರಿಸಿದ ಐಸ್ ರೋಡ್ ಟ್ರಕರ್ಸ್‌ನಿಂದಲೇ ಶುರು ಮಾಡೋಣ. 2007ರ ಜೂನ್‌ನಲ್ಲಿ ಹಿಸ್ಟರಿ ಚಾನೆಲ್‌ನಲ್ಲಿ ಶುರುವಾದ ಶೋ ಅದು. ಮೊದಲ ಸೀಸನ್ ನಡೆದದ್ದು ಕೆನಡಾದ ಯೆಲ್ಲೋನೈಫ್ ಊರಿನ ಸುತ್ತ. ಅಲ್ಲಿಂದ ಉತ್ತರಕ್ಕೆ ವಜ್ರದ ಗಣಿಗಳಿವೆ. ಬೇಸಿಗೆಯಲ್ಲಿ ಅಲ್ಲಿಗೆ ರಸ್ತೆಯೇ ಇಲ್ಲ, ಸುತ್ತಮುತ್ತ ಬರೀ ಸರೋವರ. ಚಳಿಗಾಲದಲ್ಲಿ ಆ ಸರೋವರಗಳು ಹೆಪ್ಪುಗಟ್ಟುತ್ತವೆ. ಅವುಗಳ ಮೇಲಿನ ಹಿಮ ತಳ್ಳಿ, ನೀರು ಹಾಯಿಸಿ ಮಂಜುಗಡ್ಡೆಯನ್ನು ದಪ್ಪ ಮಾಡಿ ಪ್ರತಿ ವರ್ಷ ಹೊಸದಾಗಿ ರಸ್ತೆ ಕಟ್ಟುತ್ತಾರೆ. ಹಿಮ ಏಕೆ ತಳ್ಳಬೇಕು ಅಂದರೆ, ಹಿಮದ ಪದರ ಚಳಿಯನ್ನು ಕೆಳಗೆ ಬಿಡುವುದಿಲ್ಲ. ಅದನ್ನು ತೆಗೆದರೆ ಗಡ್ಡೆ ಬೇಗ ದಪ್ಪಗಾಗುತ್ತದೆ. ಟಿಬ್ಬಿಟ್ ಸರೋವರದಿಂದ ಕಾಂಟ್‌ವೊಯ್ಟೊ ಸರೋವರದವರೆಗಿನ ಈ ರಸ್ತೆ 1982ರಲ್ಲಿ ಒಂದು ಚಿನ್ನದ ಗಣಿಗಾಗಿ ಶುರುವಾದದ್ದು. ಅದರ ಬಹುಪಾಲು ನೀರಿನ ಮೇಲೇ ಇದೆ. ತೆರೆದಿರುವುದು ಫೆಬ್ರವರಿಯಿಂದ ಸುಮಾರು ಎರಡು ತಿಂಗಳು. ಗಣಿಗಳಿಗೆ ಇಡೀ ವರ್ಷಕ್ಕೆ ಬೇಕಾದ ಡೀಸೆಲ್, ಸಿಮೆಂಟು, ಯಂತ್ರ ಎಲ್ಲ ಅಷ್ಟರೊಳಗೆ ಹೋಗಬೇಕು. ಅವಸರ ಇರುವುದಂತೂ ನಿಜ ಅಂತಾಯ್ತು.

ಶೋ ಈ ಅವಸರವನ್ನು ರೇಸ್ ಮಾಡಿಬಿಟ್ಟಿತು. ಯಾರು ಎಷ್ಟು ಲೋಡ್ ಹೊಡೆದರು, ಯಾರು ಮುಂದೆ, ಯಾರು ಹಿಂದೆ ಅನ್ನೋ ಲೆಕ್ಕ. ನೋಡುವವರಿಗೆ ಲಾರಿಗಳು ಮಂಜಿನ ಮೇಲೆ ಶರವೇಗದಲ್ಲಿ ಓಡುತ್ತಿವೆ ಅನಿಸುತ್ತದೆ. ವಾಸ್ತವದಲ್ಲಿ ಲೋಡ್ ತುಂಬಿದ ಲಾರಿಗೆ ಸರೋವರದ ಮೇಲಿನ ಮಿತಿ ಗಂಟೆಗೆ 25 ಕಿಲೋಮೀಟರ್. ನಮ್ಮೂರಲ್ಲಿ ಸೈಕಲ್ ಹುಡುಗರು ಇಳಿಜಾರಿನಲ್ಲಿ ಅದಕ್ಕಿಂತ ಜೋರಾಗಿ ಹೋಗುತ್ತಾರೆ.

ಈ ಮಿತಿಗೆ ಒಂದು ಒಳ್ಳೆಯ ಕಾರಣ ಇದೆ, ಶೋಗಿಂತ ಅದೇ ಸ್ವಾರಸ್ಯ. ತೂಕದ ಲಾರಿ ಮೇಲೆ ಬಂದಾಗ ಮಂಜುಗಡ್ಡೆ ಹಗ್ಗದ ಮಂಚದ ಹಾಗೆ ಸ್ವಲ್ಪ ಕುಸಿಯುತ್ತದೆ. ಲಾರಿ ಮುಂದೆ ಹೋದಂತೆ ಆ ತಗ್ಗೂ ಜೊತೆಗೇ ಸಾಗುತ್ತದೆ. ಕೆಳಗಿನ ನೀರನ್ನು ಅದು ತಳ್ಳುವುದರಿಂದ ಗಡ್ಡೆಯ ಅಡಿಯಲ್ಲಿ ಒಂದು ಅಲೆ ಏಳುತ್ತದೆ. ವೇಗ ಜಾಸ್ತಿಯಾದರೆ ಅಲೆಯೂ ದೊಡ್ಡದಾಗುತ್ತದೆ. ದಡದ ಹತ್ತಿರ ನೀರಿನ ಆಳ ಕಡಿಮೆ, ಅಲೆಗೆ ಹೋಗಲು ಜಾಗ ಇಲ್ಲ. ಅದು ಗಡ್ಡೆಯನ್ನು ಕೆಳಗಿನಿಂದ ಎತ್ತಿ ಒಡೆಯುತ್ತದೆ. ನಿಮ್ಮ ಲಾರಿ ದಾಟಿಹೋದರೂ ಹಿಂದೆ ಬರುವವನಿಗೆ ಗುಂಡಿ ತೋಡಿಟ್ಟ ಹಾಗಾಯಿತು. ಅದಕ್ಕೇ ಲಾರಿಗಳನ್ನು ಚಿಕ್ಕ ಚಿಕ್ಕ ಗುಂಪಾಗಿ, ನಡುವೆ ಅಂತರ ಇಟ್ಟು ಕಳಿಸುತ್ತಾರೆ. ರಾಡಾರ್ ಇಟ್ಟು ಗಡ್ಡೆಯ ದಪ್ಪ ಅಳೆಯುತ್ತಿರುತ್ತಾರೆ. ವೇಗ ನೋಡಲು ಕಾವಲಿನವರೂ ಇರುತ್ತಾರೆ. ಇಂಥ ಕಡೆ ಓವರ್‌ಟೇಕ್ ಮಾಡಿ ಗೆಲ್ಲುವುದು ಎಲ್ಲಿಂದ ಬಂತು? ರೇಸ್ ನಡೆಯುವುದು ಪರದೆಯ ಮೇಲಿನ ಅಂಕಪಟ್ಟಿಯಲ್ಲಿ ಮಾತ್ರ.

ಗಡ್ಡೆ ಬಿರುಕು ಬಿಡುವ ಸದ್ದು? ಅದು ನಿಜ. ಆದರೆ ಗಟ್ಟಿ ಮಂಜುಗಡ್ಡೆಯೂ ತೂಕ ಬಿದ್ದಾಗ ಬಾಗಿ ಚಟಪಟ ಅನ್ನುತ್ತದೆ. ಅಲ್ಲಿನ ಡ್ರೈವರ್‌ಗಳಿಗೆ ಅದು ದಿನದ ಸದ್ದು. ಅದಕ್ಕೊಂದು ಭಯಾನಕ ಸಂಗೀತ ಸೇರಿಸಿ, "ಮುಂದೇನಾಗುತ್ತೋ" ಅಂತ ಒಂದು ದನಿ ಹಾಕಿ, ಜಾಹೀರಾತಿಗೆ ಹೋಗಿಬಿಟ್ಟರೆ ನಮ್ಮ ಎದೆ ಹೊಡೆದುಕೊಳ್ಳುತ್ತದೆ. ಜಾಹೀರಾತು ಮುಗಿದ ಮೇಲೆ ಏನೂ ಆಗಿರುವುದಿಲ್ಲ, ಗಮನಿಸಿದ್ದೀರಾ? ಇನ್ನು ಶೋ ಶುರುವಾಗುವಾಗ ಲಾರಿಯೊಂದು ಗಡ್ಡೆ ಒಡೆದು ಮುಳುಗುವ ದೃಶ್ಯ ಬರುತ್ತದಲ್ಲ, ಅದು ಸ್ಟುಡಿಯೋದಲ್ಲಿ ಆಟಿಕೆಯಂಥ ಪುಟ್ಟ ಮಾದರಿ ಇಟ್ಟು ತೆಗೆದದ್ದು.

ನಮಗೆ ಪರೀಕ್ಷೆ ಮಾಡಿ ನೋಡಲು ಸುಲಭವಾದ ಸೀಸನ್ ಇನ್ನೊಂದಿದೆ. 2010ರಲ್ಲಿ ಇದೇ ತಂಡ 'ಡೆಡ್ಲಿಯೆಸ್ಟ್ ರೋಡ್ಸ್' ಅಂತ ಹೊಸ ಹೆಸರಿಟ್ಟುಕೊಂಡು ಹಿಮಾಚಲಕ್ಕೆ ಬಂತು. ಲೀಸಾ ಕೆಲ್ಲಿ, ರಿಕ್ ಯೆಮ್ ಮೊದಲಾದ ಉತ್ತರ ಅಮೆರಿಕದ ಡ್ರೈವರ್‌ಗಳ ಕೈಗೆ ನಮ್ಮ ಲಾರಿ ಕೊಟ್ಟು ಶಿಮ್ಲಾ, ಮನಾಲಿ, ರೋಹ್ತಾಂಗ್ ಕಡೆ ಕಳಿಸಿದರು. ರೋಹ್ತಾಂಗ್ ಕಣಿವೆ ದಾರಿ 3,978 ಮೀಟರ್ ಎತ್ತರದಲ್ಲಿದೆ. ಬೆಂಗಳೂರಿನಿಂದ ಬೈಕ್ ಕಟ್ಟಿಕೊಂಡು ಲೇಹ್‌ಗೆ ಹೋಗಿ ಬಂದವರು ನಿಮ್ಮ ಗೆಳೆಯರಲ್ಲೂ ಒಬ್ಬಿಬ್ಬರು ಇರುತ್ತಾರೆ. ಅವರ ಪಕ್ಕ ಕೂತು ಆ ಎಪಿಸೋಡ್ ನೋಡಿ. ಒಂದು ಕಡೆ ಕಲ್ಲುಬಂಡೆ, ಇನ್ನೊಂದು ಕಡೆ ಪಾತಾಳ, ನಡುವೆ ಕೆಸರು. ಅದರಲ್ಲಿ ಉತ್ಪ್ರೇಕ್ಷೆ ಏನಿಲ್ಲ ಅಂತ ಅವರೂ ಒಪ್ಪುತ್ತಾರೆ.

ಆದರೆ ಆ ರಸ್ತೆಯಲ್ಲಿ ಹಿಮಾಚಲದ ಲಾರಿ ಡ್ರೈವರ್‌ಗಳು ದಿನಾ ತರಕಾರಿ, ಸಿಮೆಂಟು, ಗ್ಯಾಸ್ ಸಿಲಿಂಡರ್ ಹೊತ್ತು ಹೋಗಿಬರುತ್ತಿದ್ದರು. ಪಕ್ಕದಲ್ಲಿ ಒಬ್ಬ ಕ್ಲೀನರ್. ತಿರುವಿನಲ್ಲಿ ಹಾರ್ನ್ ಹೊಡೆದರೆ ಅದು "ನಾನು ಬರ್ತಾ ಇದ್ದೀನಿ" ಅನ್ನೋ ಸೂಚನೆ, ಜಗಳ ಅಲ್ಲ. ಹೊರಗಿನವರ ಕಣ್ಣಿಗೆ ಅದೇ ಗಲಾಟೆಯಾಗಿ ಕಾಣುತ್ತದೆ. ಜೀವನವಿಡೀ ಎಡಗಡೆ ಸ್ಟೀರಿಂಗ್ ಹಿಡಿದು ರಸ್ತೆಯ ಬಲಕ್ಕೆ ಓಡಿಸಿದವರನ್ನು ತಂದು ಬಲಗಡೆ ಸ್ಟೀರಿಂಗ್ ಇರುವ ಲಾರಿಯಲ್ಲಿ ಕೂರಿಸಿದರೆ ಯಾರಿಗಾದರೂ ಬೆವರು ಇಳಿಯುತ್ತದೆ. ಅವರ ಹೆದರಿಕೆ ನಟನೆ ಅಂತ ನನಗೆ ಯಾವತ್ತೂ ಅನಿಸಿಲ್ಲ. ಆ ಹೆದರಿಕೆ ಹುಟ್ಟಲಿ ಅಂತಲೇ ಅವರನ್ನು ಆರಿಸಿ ತಂದರು ಅನ್ನೋದೇ ನನ್ನ ತಕರಾರು. ಪಾತ್ರಗಳನ್ನು ಸರಿಯಾಗಿ ಆರಿಸಿದರೆ ಸಂಭಾಷಣೆ ಬರೆಯುವ ಕೆಲಸವೇ ಇರುವುದಿಲ್ಲ. 2020ರಲ್ಲಿ ಅಟಲ್ ಸುರಂಗ ತೆರೆದ ಮೇಲೆ ಲಾರಿಗಳಿಗೆ ರೋಹ್ತಾಂಗ್ ಹತ್ತುವ ಕಷ್ಟ ತಪ್ಪಿತು. ಈಗ ಅದೇ ಸೀಸನ್ ಮತ್ತೆ ಮಾಡಲು ಹೊರಟರೆ ಕಷ್ಟವೇ.

2011ರಲ್ಲಿ 'ಡೆಡ್ಲಿಯೆಸ್ಟ್ ರೋಡ್ಸ್' ತಂಡ ಬೊಲಿವಿಯಾಕ್ಕೆ ಹೋಯಿತು. ಲಾ ಪಾಜ್ ಹತ್ತಿರದ ಯುಂಗಾಸ್ ರಸ್ತೆಗೆ 'ಡೆತ್ ರೋಡ್' ಅನ್ನೋ ಹೆಸರೇ ಇದೆ. 2009ರಲ್ಲಿ ಬಿಬಿಸಿಯ ಕಾರು ಶೋ ಟಾಪ್ ಗೇರ್‌ನವರೂ ಅಲ್ಲಿಗೆ ಹೋಗಿದ್ದರು. ಅಷ್ಟು ಹೊತ್ತಿಗೆ ಬೇರೆ ಹೊಸ ರಸ್ತೆ ಆಗಿ, ಬಸ್ಸು ಲಾರಿಗಳು ಹೆಚ್ಚಾಗಿ ಅತ್ತ ತಿರುಗಿದ್ದವು. ಹಳೆಯ ರಸ್ತೆ ಸೈಕಲ್ ಸಾಹಸಿಗರ ಪಾಲಾಗಿತ್ತು. ಟಿವಿಯಲ್ಲಿ ಮಾತ್ರ ಇಡೀ ಬೊಲಿವಿಯಾ ಇನ್ನೂ ಆ ದಾರಿಯಲ್ಲೇ ಓಡಾಡುತ್ತಿದೆ ಅನಿಸುತ್ತದೆ. ಆ ರಸ್ತೆಯ ಒಂದು ನಿಯಮ ನನಗೆ ತುಂಬಾ ಇಷ್ಟ. ಬೊಲಿವಿಯಾದಲ್ಲಿ ಎಲ್ಲ ಕಡೆ ಬಲಕ್ಕೆ ಓಡಿಸುತ್ತಾರೆ, ಇಲ್ಲಿ ಮಾತ್ರ ಎಡಕ್ಕೆ. ಅಲ್ಲಿ ಡ್ರೈವರ್ ಕೂರುವುದು ಎಡಗಡೆ. ಇಳಿಯುವ ಗಾಡಿ ಪ್ರಪಾತದ ಬದಿ ಹಿಡಿದಾಗ ಅವನು ತಲೆ ಹೊರಗೆ ಹಾಕಿ ತನ್ನ ಚಕ್ರ ಅಂಚಿನಿಂದ ಎಷ್ಟು ದೂರ ಇದೆ ಅಂತ ಕಣ್ಣಾರೆ ನೋಡಬಹುದು.

ಟಾಪ್ ಗೇರ್ ಅನ್ನು ನಾನು ಬೇರೆ ತಕ್ಕಡಿಯಲ್ಲಿ ತೂಗುತ್ತೇನೆ. ಅವರು ತಮಾಷೆ ಮಾಡುತ್ತಿದ್ದೇವೆ ಅನ್ನೋದನ್ನು ಮುಚ್ಚಿಡುತ್ತಿರಲಿಲ್ಲ. 2007ರ ಬೋಟ್ಸ್ವಾನಾ ಎಪಿಸೋಡ್ ನೆನಪಿದೆಯಾ? ಮೂರು ಹಳೆಯ ಕಾರು, ಮಕ್ಗಡಿಕ್ಗಡಿಯ ಉಪ್ಪಿನ ಬಯಲು. ಮೇಲೆ ಒಣಗಿದ ಪದರ, ಕೆಳಗೆ ಕೆಸರು. ಭಾರ ಇಳಿಸಲು ಶೋ ನಡೆಸಿಕೊಡುವ ಕ್ಲಾರ್ಕ್‌ಸನ್ ಮತ್ತು ಮೇ ತಮ್ಮ ಕಾರುಗಳ ಬಾಗಿಲು, ಗಾಜು ಎಲ್ಲ ಕಿತ್ತೆಸೆದರು. ಮೂರನೆಯವನಾದ ಹ್ಯಾಮಂಡ್‌ನ ಪುಟ್ಟ ಓಪೆಲ್ ಕಾಡೆಟ್ ಮೊದಲೇ ಹಗುರ. ಕೆಸರಿನ ಲೆಕ್ಕ ಅಲ್ಲಿ ಪಕ್ಕಾ ಇತ್ತು, ಮಾತುಕತೆ ಎಷ್ಟೇ ನಾಟಕವಾಗಿರಲಿ. ಕಾರು ಕೆಟ್ಟರೆ ಕೊಡುತ್ತೇವೆ ಅಂತ ಹಿಂದೆ ಒಂದು ಬೀಟಲ್ ಕಾರನ್ನೂ ತಂದಿದ್ದರು. ಅಂದರೆ ಹಿಂದೆ ಮೆಕ್ಯಾನಿಕ್, ಊಟ, ನೀರು, ಪೆಟ್ರೋಲು ಎಲ್ಲ ಇರುವ ಸಾಲು ಗಾಡಿಗಳು ಇದ್ದವು ಅಂತ ಅವರೇ ಹೇಳಿದ ಹಾಗಾಯ್ತು, ಅಲ್ವಾ?

ಅದೇ ವರ್ಷದ ಉತ್ತರ ಧ್ರುವದ ಎಪಿಸೋಡ್‌ನಲ್ಲೂ ಹಾಗೇ. ಟೊಯೋಟಾ ಹೈಲಕ್ಸ್ ಅನ್ನು ಐಸ್‌ಲ್ಯಾಂಡ್‌ನ ಆರ್ಕ್‌ಟಿಕ್ ಟ್ರಕ್ಸ್ ಅನ್ನೋ ಕಂಪನಿ ಮಂಜಿಗೆ ತಕ್ಕಂತೆ ಬದಲಾಯಿಸಿತ್ತು. ಅವರು ಮುಟ್ಟಿದ್ದು ಕಾಂತೀಯ ಉತ್ತರ ಧ್ರುವ 1996ರಲ್ಲಿ ಇದ್ದ ಜಾಗವನ್ನು. ಆ ಧ್ರುವ ವರ್ಷ ವರ್ಷ ಜಾಗ ಬದಲಿಸುತ್ತದೆ. 2007ರ ಹೊತ್ತಿಗೆ ಅದು ನೂರಾರು ಕಿಲೋಮೀಟರ್ ಆಚೆ ಹೋಗಿತ್ತು. ಮಂಜಿನ ಮೇಲೆ ಕಾರು ಓಡಿಸಿದ್ದು ಸುಳ್ಳಲ್ಲ. "ಧ್ರುವ ಮುಟ್ಟಿದೆವು" ಅನ್ನೋದಕ್ಕೆ ಮಾತ್ರ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಷರತ್ತು ಇದೆ. ಆ ಪ್ರಯಾಣದಲ್ಲಿ ಕ್ಯಾಮೆರಾದವರನ್ನು ಹೊತ್ತಿದ್ದ ಹೈಲಕ್ಸ್‌ನಲ್ಲೇ ಜೇಮ್ಸ್ ಮೇ 2010ರಲ್ಲಿ ಐಸ್‌ಲ್ಯಾಂಡ್‌ನ ಉರಿಯುವ ಜ್ವಾಲಾಮುಖಿಯ ಹತ್ತಿರ ಹೋದ. ಮೊದಲ ಸಲ ನಮಗೆ ಕಾಣದಿದ್ದ ಗಾಡಿ ಆಮೇಲೆ ತಾನೇ ಹೀರೋ ಆಯ್ತು!

ಎಲ್ಲವೂ ಬರೆದಿಟ್ಟಂತೆಯೇ ನಡೆಯುತ್ತದೆ ಅಂದುಕೊಳ್ಳಬೇಡಿ. 2014ರಲ್ಲಿ ಅರ್ಜೆಂಟೀನಾದಲ್ಲಿ ಇವರ ಕಾರಿನ ನಂಬರ್ ಪ್ಲೇಟ್ ಬ್ರಿಟನ್ ಜೊತೆ ನಡೆದ 1982ರ ಫಾಕ್‌ಲೆಂಡ್ಸ್ ಯುದ್ಧವನ್ನು ಅಣಕಿಸುತ್ತದೆ ಅಂತ ಜನ ಕಲ್ಲು ಹೊಡೆದರು. ಕಾರುಗಳನ್ನು ಬಿಟ್ಟು ತಂಡ ಗಡಿ ದಾಟಿ ಚಿಲಿಗೆ ಓಡಿಹೋಯಿತು. ಇಂಗ್ಲೆಂಡಿನ ಕ್ರಿಕೆಟಿಗ ಆಂಡ್ರ್ಯೂ ಫ್ಲಿಂಟಾಫ್ ಆಮೇಲೆ ಇದೇ ಶೋ ನಡೆಸಿಕೊಡುತ್ತಿದ್ದ. 2022ರ ಡಿಸೆಂಬರ್‌ನಲ್ಲಿ ಶೂಟಿಂಗ್ ವೇಳೆ ಕಾರು ಮಗುಚಿ ಮುಖಕ್ಕೆ ಬಲವಾದ ಪೆಟ್ಟಾಯಿತು. ಮರುವರ್ಷ ಬಿಬಿಸಿ ಶೋ ನಿಲ್ಲಿಸಿಬಿಟ್ಟಿತು. ಅಪಘಾತ ಆದದ್ದು ಗುಡ್ಡದಲ್ಲೂ ಅಲ್ಲ, ಕಾಡಿನಲ್ಲೂ ಅಲ್ಲ, ಅವರದೇ ಪರೀಕ್ಷಾ ಮೈದಾನದಲ್ಲಿ.

ಹಾಗಾದರೆ ನೋಡುವಾಗ ನಿಜ ಸುಳ್ಳು ಬೇರ್ಪಡಿಸುವುದು ಹೇಗೆ? ನಾನು ಮಾಡುವುದು ಒಂದೇ ಕೆಲಸ: ಕ್ಯಾಮೆರಾ ಎಲ್ಲಿದೆ ಅಂತ ಹುಡುಕುತ್ತೇನೆ. "ಈ ಹೊಳೆ ದಾಟಿದವರು ಯಾರೂ ಇಲ್ಲ" ಅಂತ ದನಿ ಹೇಳುತ್ತಿರುತ್ತದೆ. ದೃಶ್ಯ ಮಾತ್ರ ಆಚೆ ದಡದಿಂದ, ಸ್ಟ್ಯಾಂಡ್ ಮೇಲೆ ಅಲ್ಲಾಡದೆ ನಿಂತ ಕ್ಯಾಮೆರಾದಿಂದ ಬರುತ್ತಿರುತ್ತದೆ. ಹಾಗಾದರೆ ಕ್ಯಾಮೆರಾದವನು ಮೊದಲೇ ದಾಟಿ ಕೂತಿದ್ದಾನೆ ಅಂತಾಯ್ತು. ಇಲ್ಲವೇ ಗಾಡಿ ಎರಡನೇ ಸಲ ದಾಟುತ್ತಿದೆ. ನೀರಿನ ಗುರುತು ಎಲ್ಲಿವರೆಗಿದೆ, ಬಾನೆಟ್ ಮೇಲಿನ ಕೆಸರು ಒಣಗಿದೆಯೋ ಹಸಿಯೋ, ನೆರಳು ಯಾವ ಕಡೆ ಬಿದ್ದಿದೆ, ಇವಿಷ್ಟು ನೋಡಿದರೆ ಒಂದೇ ದೃಶ್ಯದಲ್ಲಿ ಬೆಳಿಗ್ಗೆ ಮತ್ತು ಸಂಜೆ ಬೆರೆತಿರುವುದು ಸಿಕ್ಕಿಬೀಳುತ್ತದೆ. ಮಾತಿಗೂ ಹೀಗೇ. ಡ್ರೈವರ್ ಮಾತು ಕೇಳುತ್ತಿದ್ದು, ಮಾತಿನ ನಡುವೆ ಮುಖ ತಪ್ಪಿ ಚಕ್ರವೋ ಬೆಟ್ಟವೋ ಕಂಡರೆ ಸ್ವಲ್ಪ ಅನುಮಾನ ಪಡಿ. ಬೇರೆ ಬೇರೆ ಹೊತ್ತಿನ ತುಂಡು ಮಾತುಗಳನ್ನು ಅಲ್ಲಿ ಹೊಲಿದಿರಬಹುದು. ರಿಯಾಲಿಟಿ ಶೋ ಎಡಿಟರ್‌ಗಳು ಇದನ್ನು ಫ್ರ್ಯಾಂಕನ್‌ಬೈಟ್ ಅನ್ನುತ್ತಾರೆ.

ಕಟ್ಟುಕಥೆ ಇಲ್ಲದ್ದು ಬೇಕು ಅಂದರೆ ಮರುಭೂಮಿಯಲ್ಲಿ ನಡೆಯುವ ರೇಸ್, ಡಕಾರ್ ರ‍್ಯಾಲಿ ನೋಡಿ. ಅಲ್ಲಿ ಗಡಿಯಾರ ಓಡುತ್ತಿರುತ್ತದೆ, ರೀಟೇಕ್ ಇಲ್ಲ. 2015ರಲ್ಲಿ ಅಲ್ಲಿಗೆ ಮೊದಲ ಭಾರತೀಯನಾಗಿ ಹೋದವರು ನಮ್ಮ ಬೆಂಗಳೂರಿನ ಸಿ.ಎಸ್. ಸಂತೋಷ್. 2021ರಲ್ಲಿ ಸೌದಿ ಅರೇಬಿಯಾದಲ್ಲಿ ಬೈಕಿನಿಂದ ಬಿದ್ದು, ವೈದ್ಯರು ಅವರನ್ನು ಕೆಲವು ದಿನ ಕೋಮಾದಲ್ಲಿ ಇಡಬೇಕಾಯಿತು.

ಇನ್ನು ನಿಮ್ಮ ಗಾಡಿಯ ವಿಷಯ. ಶೋನಲ್ಲಿ ಕತ್ತರಿಸಿ ಬಿಸಾಡುವ ಭಾಗವೇ ನಿಮಗೆ ಬೇಕಾದದ್ದು. ಮರಳಿಗೆ ಇಳಿಯುವ ಮೊದಲು ಟೈರ್ ಗಾಳಿ ಇಳಿಸಬೇಕು, 30 ಪಿಎಸ್‌ಐ ಆಸುಪಾಸು ಇದ್ದದ್ದನ್ನು 18ರ ಹತ್ತಿರಕ್ಕೆ. ಆಗ ಟೈರ್ ಅಗಲವಾಗಿ ಹರಡಿಕೊಂಡು ಹೂತುಕೊಳ್ಳುವುದು ಕಡಿಮೆಯಾಗುತ್ತದೆ. ನಾಲ್ಕೂ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತು ಗಾಳಿ ಬಿಡುವುದು, ವಾಪಸ್ ಟಾರು ರಸ್ತೆಗೆ ಬಂದು ಮತ್ತೆ ತುಂಬಿಸುವುದು, ಇದನ್ನು ಯಾರು ಟಿವಿಯಲ್ಲಿ ನೋಡುತ್ತಾರೆ ಹೇಳಿ. ಹೂತ ಗಾಡಿಯನ್ನು ಎಳೆಯುವ ರಾಟೆಯಾದ ವಿಂಚ್‌ನ ಹಗ್ಗ ಬಿಗಿಯಾದಾಗ ಅದರ ಮೇಲೆ ಒದ್ದೆ ಗೋಣಿಚೀಲವೋ ಕಂಬಳಿಯೋ ಹಾಕಬೇಕು. ಹಗ್ಗ ತುಂಡಾದರೆ ಚಾಟಿಯ ಹಾಗೆ ಹಾರದಿರಲಿ ಅಂತ. ಅಕ್ಕಪಕ್ಕ ನಿಂತು ಮೊಬೈಲ್ ಹಿಡಿದವರನ್ನು ದೂರ ಕಳಿಸಬೇಕು. ಹೊಳೆ ಇದ್ದರೆ ಮೊದಲು ಕೋಲು ಹಿಡಿದು ನಡೆದು ನೋಡಬೇಕು. ಕಾಲು ನಿಲ್ಲದಷ್ಟು ಸೆಳೆತ ಇದ್ದರೆ ಗಾಡಿಯನ್ನೂ ಇಳಿಸಬಾರದು. ಹರಿಯುವ ನೀರು ಎರಡು ಅಡಿ ಇದ್ದರೆ ಸಾಕು, ದೊಡ್ಡ ಗಾಡಿಯನ್ನೂ ಎತ್ತಿಕೊಂಡು ಹೋಗುತ್ತದೆ.

ಮಡಿಕೇರಿಗೆ ಹೋದಾಗ ಮಾಂದಲಪಟ್ಟಿಗೆ ಸ್ವಂತ ಗಾಡಿ ಬಿಟ್ಟು ಅಲ್ಲಿನ ಜೀಪ್ ಹತ್ತಿ. ಮುಂದಿನ ಸೀಟಿನಲ್ಲಿ ಕೂತು ಡ್ರೈವರಣ್ಣನ ಕಾಲು ನೋಡಿ. ಕಲ್ಲಿನ ಮೇಲೆ ಅವರು ಆಕ್ಸಿಲರೇಟರ್ ತುಳಿಯುವುದೇ ಕಮ್ಮಿ. ಲೋ ಗೇರ್‌ನಲ್ಲಿ ಜೀಪನ್ನು ತನ್ನ ಪಾಡಿಗೆ ತೆವಳಲು ಬಿಡುತ್ತಾರೆ, ಮಾತಾಡುತ್ತಾ ಆರಾಮವಾಗಿ. ಮಣ್ಣು ಹಾರಿಸಿ, ಇಂಜಿನ್ ಕಿರುಚಿಸುವುದು ಟಿವಿಗೆ ಚೆನ್ನ. ಕ್ಲಚ್ ಪ್ಲೇಟ್ ಬದಲಿಸಲು ಶೋದವರ ಹತ್ತಿರ ದುಡ್ಡಿದೆ. ಮೊದಲ ಸಲ ಹೊರಡುವಾಗ ಜೊತೆಗೆ ಇನ್ನೊಂದು ಗಾಡಿ, ಎಳೆಯುವ ಹಗ್ಗ, ಗೊತ್ತಿರುವ ಒಬ್ಬರು ಇರಲಿ. ಹಾಗೇ ಅದು ಅರಣ್ಯ ಇಲಾಖೆಯ ಜಾಗವಾ ಅಂತ ಮೊದಲೇ ಕೇಳಿಕೊಳ್ಳಿ. ಅನುಮತಿ ಇಲ್ಲದೆ ಒಳಗೆ ನುಗ್ಗಿದರೆ ಕೇಸು ಬೀಳುತ್ತದೆ, ಗಾಡಿಯನ್ನೂ ಹಿಡಿದಿಡುತ್ತಾರೆ.